'ಪ್ರೆಸ್' ಮತ್ತು 'ಟಿಕೆಟ್': 17ನೇ ಶತಮಾನದ ಇಂಗ್ಲಿಷ್ ಖಲಾಸಿಯ ಮಾತಿಗೆ ಕನ್ನಡ ಪದ ಬೇಕು

ಗೆಳೆಯರೇ,

ಎಡ್ವರ್ಡ್ ಬಾರ್ಲೋ ಎಂಬ ಇಂಗ್ಲಿಷ್ ಖಲಾಸಿಯ ಬದುಕಿನ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಮ್ಯಾಂಚೆಸ್ಟರ್ ಹತ್ತಿರದ ಪ್ರೆಸ್ಟ್‌ವಿಚ್‌ನ ಬಡ ಮನೆಯ ಹುಡುಗ. 1659ರಲ್ಲಿ ಹಡಗು ಸೇರಿದ. 1672ರಲ್ಲಿ ಡಚ್ಚರಿಗೆ ಸೆರೆ ಸಿಕ್ಕಿದ ಮೇಲೆ ತನ್ನ ಕಥೆಯನ್ನು ತಾನೇ ಬರೆಯತೊಡಗಿದ. ಜೊತೆಗೆ ಹಡಗುಗಳ ಚಿತ್ರಗಳನ್ನೂ ಬಿಡಿಸಿದ. ಆ ಕಾಲದ ಸಾಮಾನ್ಯ ನಾವಿಕರಲ್ಲಿ ಹೀಗೆ ಬರೆದಿಟ್ಟವರು ತೀರಾ ಕಡಿಮೆ. ಅಂಥವನ ಲೋಕವನ್ನು ಕನ್ನಡಕ್ಕೆ ತರುವಾಗ ಪದಗಳು ಸರಿಯಾಗಿರಲೇಬೇಕು ಅಂತ ನನ್ನಾಸೆ. ಎರಡು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲನೆಯದು 'ಪ್ರೆಸ್', ಅಂದರೆ ಗಂಡಸರನ್ನು ಬಲವಂತವಾಗಿ ನೌಕಾಪಡೆಗೆ ಸೇರಿಸುವುದು. ಯುದ್ಧದ ಕಾಲದಲ್ಲಿ ರಾಜನ ಹಡಗುಗಳಿಗೆ ಜನ ಸಾಲುತ್ತಿರಲಿಲ್ಲ. 1653ರಿಂದ ನುರಿತ ನಾವಿಕನಿಗೆ ತಿಂಗಳಿಗೆ 24 ಶಿಲ್ಲಿಂಗ್, ಸಾಧಾರಣದವನಿಗೆ 19. ಯುದ್ಧ ಶುರುವಾದರೆ ವ್ಯಾಪಾರಿ ಹಡಗುಗಳಲ್ಲಿ ಇದಕ್ಕಿಂತ ಜಾಸ್ತಿ ಸಿಗುತ್ತಿತ್ತು. ಹಾಗಾಗಿ ಸರ್ಕಾರದವರು ಬೀದಿಯಲ್ಲಿ, ಹೆಂಡದಂಗಡಿಯಲ್ಲಿ, ಊರಿಗೆ ಮರಳುತ್ತಿದ್ದ ಹಡಗುಗಳಲ್ಲಿ ಗಂಡಸರನ್ನು ಹಿಡಿದು ಒಯ್ಯುತ್ತಿದ್ದರು. ಇದಕ್ಕೆ 'ಬಿಟ್ಟಿ ಹಿಡಿಯುವುದು' ಅನ್ನೋಣ ಎಂದು ಮೊದಲು ಹೊಳೆಯಿತು. ಅಧಿಕಾರದ ದಬ್ಬಾಳಿಕೆ ಆ ಮಾತಿನಲ್ಲಿ ಚೆನ್ನಾಗಿ ಬರುತ್ತದೆ. ಆದರೆ ಬಿಟ್ಟಿ ಅಂದರೆ ಕೂಲಿಯಿಲ್ಲದ ದುಡಿಮೆ. ಇಲ್ಲಿ ಸಂಬಳ ಉಂಟು, ಕಾಗದದ ಮೇಲಾದರೂ. ಅಷ್ಟೇ ಅಲ್ಲ, ಈ 'ಪ್ರೆಸ್' ಬಂದದ್ದು ಒತ್ತುವ ಅರ್ಥದಿಂದಲ್ಲ. ಮುಂಗಡ ಎಂಬ ಅರ್ಥದ 'ಪ್ರೆಸ್ಟ್' ಎಂಬ ಹಳೆಯ ಮಾತಿನಿಂದ. ಒಂದು ಶಿಲ್ಲಿಂಗ್ ಕೈಗಿಟ್ಟರೆ ಆಳು ರಾಜನವನಾದ ಹಾಗೆ. ಆ ಮುಂಗಡವನ್ನೂ ಕೊಡದೆ ಜನರನ್ನು ಎಳೆದೊಯ್ದದ್ದೂ ಉಂಟು. 1666ರ ಬೇಸಿಗೆಯಲ್ಲಿ ಲಂಡನ್ನಿನಲ್ಲಿ ಹಾಗಾದಾಗ ನೌಕಾ ಕಚೇರಿಯ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್‌ಗೇ ಅದು ದೊಡ್ಡ ಅನ್ಯಾಯ ಅನ್ನಿಸಿತ್ತು. ಗಂಡಂದಿರನ್ನು ಕಳಿಸಿಕೊಡುವಾಗ ಹೆಂಗಸರು ಪಟ್ಟ ಗೋಳನ್ನು ಅವನು ದಿನಚರಿಯಲ್ಲಿ ಬರೆದಿದ್ದಾನೆ.

ಮುಂಗಡ ಪಡೆದು ಕಟ್ಟುಬೀಳುವುದು ಅಂದರೆ ನಮಗೆ 'ಜೀತ' ನೆನಪಾಗುತ್ತದೆ ಅಲ್ವಾ? ಆದರೆ ಜೀತದಲ್ಲಿ ಸಾಲ ತೀರಿಸುವ ಲೆಕ್ಕ ಇರುತ್ತದೆ, ಇಲ್ಲಿ ಅದಿಲ್ಲ. 'ಕಡ್ಡಾಯ ಭರ್ತಿ' ಅಂದರೆ ಅರ್ಥವೇನೋ ಸರಿ, ಹಿಡಿದು ಎಳೆದೊಯ್ದ ಹಿಂಸೆ ಮಾತ್ರ ಕಾಣೆಯಾಗುತ್ತದೆ. ಸದ್ಯಕ್ಕೆ ನನ್ನ ಒಲವು 'ಬಿಟ್ಟಿ ಹಿಡಿಯುವುದು' ಕಡೆಗೇ. ಮುಂಗಡದ ಸಂಗತಿಯನ್ನು ಪಕ್ಕದಲ್ಲೇ ಒಂದು ವಾಕ್ಯದಲ್ಲಿ ಹೇಳಿಬಿಡುವುದು.

ಎರಡನೆಯದು 'ಟಿಕೆಟ್'. ಇದು ಇನ್ನೂ ಕಷ್ಟ. ನಾವಿಕನನ್ನು ಬಿಡುಗಡೆ ಮಾಡುವಾಗ ಖಜಾನೆಯಲ್ಲಿ ದುಡ್ಡಿರುತ್ತಿರಲಿಲ್ಲ. ಇಷ್ಟು ಕಾಲ ದುಡಿದಿದ್ದಾನೆ ಎಂದು ಬರೆದು ಸಹಿ ಹಾಕಿದ ಕಾಗದ ಕೊಡುತ್ತಿದ್ದರು. ಅದನ್ನು ಲಂಡನ್ನಿನ ಕಚೇರಿಗೆ ಒಯ್ದರೂ ಹಣ ಸಿಗುವ ಭರವಸೆ ಇರಲಿಲ್ಲ. ಹೊಟ್ಟೆಪಾಡಿಗೆ ಹೆಂಡದಂಗಡಿಯವನಿಗೋ ದಲ್ಲಾಳಿಗೋ ಮಾರಬೇಕು, ಅವನು ದೊಡ್ಡ ವಟಾವು ಮುರಿದುಕೊಳ್ಳುತ್ತಿದ್ದ. 1665ರ ಅಕ್ಟೋಬರಿನಲ್ಲಿ ದುಡ್ಡಿಲ್ಲದ ನಾವಿಕರು ಬೀದಿಯಲ್ಲಿ ಹಸಿದು ಬಿದ್ದಿದ್ದರು. ಇಂಥ ಕಾಗದಕ್ಕೆ 'ಟಿಕೆಟ್' ಎಂದೇ ಬರೆದರೆ ಓದುಗರು ಪ್ರಯಾಣದ ಟಿಕೆಟ್ ಎಂದುಕೊಳ್ಳುತ್ತಾರೆ.

ಹಣ ಕೊಡಬೇಕೆಂದು ವ್ಯಾಪಾರಿಗಳು ಬರೆದುಕೊಡುತ್ತಿದ್ದ ಕಾಗದವಾದ 'ಹುಂಡಿ' ವ್ಯವಹಾರದ ದೃಷ್ಟಿಯಿಂದ ಹತ್ತಿರ. ಆದರೆ ಇಂದು ಹುಂಡಿ ಅಂದರೆ ದೇವಸ್ಥಾನದ ಹುಂಡಿ. 'ಸಂಬಳದ ಚೀಟಿ' ಅಂದರೆ ಸಂಬಳ ಕೈಸೇರಿದ ಹಾಗೆ ಕೇಳುತ್ತದೆ. ನಾನು 'ಬಾಕಿ ಚೀಟಿ' ಎಂದು ಇಟ್ಟುಕೊಂಡಿದ್ದೇನೆ. ಅದಕ್ಕೊಂದು ಪರೀಕ್ಷೆ ಹೀಗಿದೆ. 1667ರ ಜೂನ್‌ನಲ್ಲಿ ಡಚ್ಚರು ಮೆಡ್‌ವೇ ನದಿಗೆ ನುಗ್ಗಿ ಇಂಗ್ಲಿಷ್ ಹಡಗುಗಳನ್ನು ಸುಟ್ಟರು. ಆಗ ಡಚ್ಚರ ಹಡಗುಗಳಲ್ಲಿ ಇಂಗ್ಲಿಷ್ ನಾವಿಕರೂ ಇದ್ದರು. ಅವರು ಕೂಗಿದ್ದನ್ನು ಪೀಪ್ಸ್ ಬೇರೆಯವರಿಂದ ಕೇಳಿ ಬರೆದಿಟ್ಟ: "ಅಂದು ಚೀಟಿಗಾಗಿ ಹೋರಾಡಿದೆವು, ಈಗ ಡಾಲರಿಗಾಗಿ ಹೋರಾಡುತ್ತೇವೆ!" (ಡಾಲರ್ ಅಂದರೆ ಇಲ್ಲಿ ಡಚ್ಚರ ಬೆಳ್ಳಿ ನಾಣ್ಯ.) ಈ ಕೂಗಿನಲ್ಲಿ 'ಬಾಕಿ ಚೀಟಿ' ಅಂದರೆ ಬಿಗಿ ಹೋಗುತ್ತದೆ. ಬರೀ 'ಚೀಟಿ' ಸಾಕು. ಹಾಗಾದರೆ ಮೊದಲು ಬಂದಾಗ 'ಬಾಕಿ ಚೀಟಿ', ಆಮೇಲೆ 'ಚೀಟಿ' ಎಂದರೆ ನಡೆದೀತೇ? ಅಥವಾ ಓದುಗರ ಮನಸ್ಸು ಚೀಟಿ ವ್ಯವಹಾರದ ಕಡೆ ಹೋಗುತ್ತದೆಯೇ?

ಉಳಿದ ಪದಗಳು ಅಷ್ಟು ಕಾಡುತ್ತಿಲ್ಲ. ದಿನಕ್ಕೆ ಒಂದು ಪೌಂಡ್ ಸಿಗುತ್ತಿದ್ದ ಹಡಗಿನ ಬಿಸ್ಕತ್ತು ಹಿಟ್ಟು ನೀರಿನ ಗಟ್ಟಿ ಬಿಲ್ಲೆ. ನಮ್ಮ ಖಡಕ್ ರೊಟ್ಟಿಯ ಹಾಗೆ ಬಹಳ ದಿನ ಇಡಬಹುದಾದದ್ದು. ಅದಕ್ಕೆ 'ಒಣ ರೊಟ್ಟಿ' ಅಂದಿದ್ದೇನೆ. ಬಟ್ಟೆ, ಹೊಗೆಸೊಪ್ಪು ಮಾರಿ ಸಂಬಳದಲ್ಲಿ ಹಿಡಿದುಕೊಳ್ಳುತ್ತಿದ್ದ 'ಪರ್ಸರ್'ಗೆ 'ಉಗ್ರಾಣಿ'. ಇದಕ್ಕಿಂತ ಒಳ್ಳೆಯದು ಇದ್ದರೆ ಹೇಳಿ.

ಕರಾವಳಿಯವರಲ್ಲಿ ಒಂದು ವಿಶೇಷ ಕೋರಿಕೆ. 17ನೇ ಶತಮಾನದಲ್ಲೇ ಕಾರವಾರದಲ್ಲಿ ಇಂಗ್ಲಿಷರ ವ್ಯಾಪಾರದ ಕೋಠಿ ಇತ್ತು. 1697ರಲ್ಲಿ, ಮುಂದೆ ಕಡಲ್ಗಳ್ಳನೆಂದು ಹೆಸರಾದ ಕ್ಯಾಪ್ಟನ್ ಕಿಡ್ ಅಲ್ಲಿಗೆ ಬಂದಾಗ ಅವನ ಕೆಲವು ಆಳುಗಳು ಹಡಗು ಬಿಟ್ಟು ಓಡಿದರು. ಖಲಾಸಿ, ತಾಂಡೇಲ (ದೋಣಿಯ ಮುಖಂಡ) ಮುಂತಾದ ಮಾತುಗಳು ನಿಮ್ಮಲ್ಲಿ ಇನ್ನೂ ಬಳಕೆಯಲ್ಲಿವೆ. ದೋಣಿಯ ಒಡೆಯ ಕೂಲಿ ಬಾಕಿ ಉಳಿಸಿಕೊಂಡು ಬರೆದುಕೊಡುವ ಕಾಗದಕ್ಕೆ, ಮುಂಗಡ ಕೊಟ್ಟು ಆಳನ್ನು ಗೊತ್ತುಮಾಡುವುದಕ್ಕೆ ನಿಮ್ಮ ಹಿರಿಯರು ಏನನ್ನುತ್ತಾರೆ? ಕನ್ನಡ, ಕೊಂಕಣಿ, ತುಳು ಯಾವುದಾದರೂ ಸರಿ. ಊರಿನ ಹೆಸರನ್ನೂ ಜೊತೆಗೆ ಬರೆಯಿರಿ.