ಕಾರಿನಲ್ಲಿ ತಾಳಮದ್ದಳೆ ಕೇಳಲು ಯಾವುದು ಸರಿ: ಪೆನ್‌ಡ್ರೈವೋ, ಎಸ್‌ಡಿ ಕಾರ್ಡೋ, ಹಾರ್ಡ್‌ಡಿಸ್ಕೋ?

ದೇವಿಮನೆ_ತಿರುವು (ಶಿರಸಿ)

ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ, ಅಲ್ಲಿಂದ ಅಂಕೋಲಾ ಮೇಲೆ ಕಾರವಾರ. ವಾರಕ್ಕೆ ಎರಡು ಸಲ ಇದೇ ದಾರಿ. ಘಟ್ಟದಲ್ಲಿ ಸಿಗ್ನಲ್ ಬಂದು ಹೋಗಿ ಮಾಡುತ್ತದೆ, ಹಾಗಾಗಿ ಆನ್‌ಲೈನ್ ಮಾತು ಬೇಡ.

ಕ್ಯಾಸೆಟ್‌ಗಳಿಂದ ಕಂಪ್ಯೂಟರಿಗೆ ಹತ್ತಿಸಿದ ಯಕ್ಷಗಾನ, ತಾಳಮದ್ದಳೆ, ಭಜನೆ ಎಲ್ಲ ಸೇರಿ ಸುಮಾರು 280 ಜಿಬಿ ಇದೆ. ಎಲ್ಲವೂ ವೇವ್ ಫೈಲ್, 44.1 ಕಿಲೋಹರ್ಟ್ಸ್, 16 ಬಿಟ್, ಸ್ಟೀರಿಯೋ. ಕಾರಿನ ಸೆಟ್ಟಿಗೆ ಮುಂದೆ ಒಂದು ಯುಎಸ್‌ಬಿ, ಪಕ್ಕದಲ್ಲಿ ಒಂದು ಎಸ್‌ಡಿ ಸ್ಲಾಟ್. 1 ಟಿಬಿ ಪೋರ್ಟಬಲ್ ಹಾರ್ಡ್‌ಡಿಸ್ಕ್ ಚುಚ್ಚಿದರೆ ಒಳಗೆ ಟಿಕ್ ಟಿಕ್ ಸದ್ದು, ಸೆಟ್ಟಿನಲ್ಲಿ 'ಡಿವೈಸ್ ಇಲ್ಲ'. ಹಳೆಯ 16 ಜಿಬಿ ಪೆನ್‌ಡ್ರೈವ್ ಓದುತ್ತದೆ, ಆದರೆ ಹಾಡಿನ ಕ್ರಮ ಅಡ್ಡಾದಿಡ್ಡಿ, ಕನ್ನಡ ಹೆಸರುಗಳಿಗೆಲ್ಲ ಚೌಕ ಚೌಕ.

256 ಜಿಬಿ ಪೆನ್‌ಡ್ರೈವ್ ಎರಡು ತೆಗೆದುಕೊಳ್ಳಲೇ? ಎಸ್‌ಎಸ್‌ಡಿ ಹಾಕಲೇ? ಎಸ್‌ಡಿ ಕಾರ್ಡ್ ಸಾಕೇ?

ಕಾಳಿ_ಸೇತುವೆ (ಕಾರವಾರ)

ಖರೀದಿಗೆ ಮೊದಲು ಒಂದು ಲೆಕ್ಕ ಮಾಡಿ ಮಾರಾಯ್ರೆ. ನೀವು ಹೇಳಿದ ವೇವ್ ಸೆಕೆಂಡಿಗೆ 1,76,400 ಬೈಟ್ ತಿನ್ನುತ್ತದೆ, ನಿಮಿಷಕ್ಕೆ 10.6 ಎಂಬಿ. ಹಾಗಾದರೆ 280 ಜಿಬಿ ಅಂದರೆ ಸುಮಾರು 440 ಗಂಟೆ. ಅದನ್ನೇ 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3 ಮಾಡಿದರೆ 25 ಜಿಬಿ ಚಿಲ್ಲರೆ. 32 ಜಿಬಿಯ ಒಂದು ಪೆನ್‌ಡ್ರೈವಿನಲ್ಲಿ ಎಲ್ಲವೂ ಕೂತು ಜಾಗ ಉಳಿಯುತ್ತದೆ. ಎರಡು 256 ಬೇಡವೇ ಬೇಡ.

ಈಗ ಹಾರ್ಡ್‌ಡಿಸ್ಕ್ ಯಾಕೆ ಏಳಲಿಲ್ಲ ಅಂದರೆ, ಯುಎಸ್‌ಬಿ 2.0 ನಿಯಮದ ಪ್ರಕಾರ ಪೋರ್ಟ್ ಕೊಡಬೇಕಾದದ್ದು 5 ವೋಲ್ಟಿನಲ್ಲಿ 500 ಮಿಲಿಆಂಪ್. ಡಿಸ್ಕಿನ ತಟ್ಟೆ ತಿರುಗಲು ಶುರುವಾಗುವ ಆ ಒಂದೆರಡು ಸೆಕೆಂಡಿಗೆ ಅದಕ್ಕಿಂತ ಹೆಚ್ಚು ಬೇಕು. ಸಿಗದಿದ್ದಾಗ ತಟ್ಟೆ ವೇಗ ಹಿಡಿಯುವುದಿಲ್ಲ, ಓದುವ ಹೆಡ್ ಹೊರಬಂದು ಮತ್ತೆ ವಾಪಸ್ ಹೋಗುತ್ತದೆ. ಆ ಟಿಕ್ ಟಿಕ್ ಅದೇ. ಹಾಗೆ ಪದೇ ಪದೇ ಮಾಡಿಸಿದರೆ ಡಿಸ್ಕಿಗೇ ಕೇಡು, ಇವತ್ತಿಗೇ ನಿಲ್ಲಿಸಿ. ಒಂದು ವೇಳೆ ಕರೆಂಟ್ ಸಾಕಾದರೂ ಘಟ್ಟದ ಹೊಂಡದಲ್ಲಿ ಗಾಡಿ ಕುಣಿಯುವಾಗ ತಿರುಗುವ ತಟ್ಟೆ ಇಟ್ಟುಕೊಳ್ಳುವುದು ಜಾಣತನವಲ್ಲ. ಡಿಸ್ಕ್ ಮನೆಯ ಕಪಾಟಿನಲ್ಲಿರಲಿ.

ಎಸ್‌ಎಸ್‌ಡಿಗೆ ಅಲುಗಾಟದ ಭಯವಿಲ್ಲ, ಆದರೆ ಕೆಲವು ಅದೇ ಪೋರ್ಟಿನಿಂದ ಕರೆಂಟ್ ಸಾಲದೆ ಕೈಕೊಡುತ್ತವೆ. ವೇಗದ ಆಸೆಯೂ ಇಲ್ಲಿ ವ್ಯರ್ಥ. 320 ಕೆಬಿಪಿಎಸ್ ಹಾಡಿಗೂ ಬೇಕಾದದ್ದು ಸೆಕೆಂಡಿಗೆ 40 ಕೆಬಿ. ಯುಎಸ್‌ಬಿ 3 ಪೆನ್‌ಡ್ರೈವ್‌ನ ಲಾಭ ಮನೆಯಲ್ಲಿ ಕಾಪಿ ಮಾಡುವಾಗ ಮಾತ್ರ.

ಬಡಗು_ಕಿವಿ (ಹೊನ್ನಾವರ)

ಲೆಕ್ಕ ಸರಿ, ಆದರೆ ಕ್ಯಾಸೆಟ್‌ಗೆ ಇನ್ನೊಂದು ಮಾತು ಸೇರಿಸಬೇಕು. ಒಂದೇ ಮೈಕಿನಲ್ಲಿ ಹಿಡಿದ ತಾಳಮದ್ದಳೆಗೆ ಸ್ಟೀರಿಯೋ ಯಾಕೆ? ಎಡಬಲ ಎರಡರಲ್ಲೂ ಅದೇ ಸದ್ದು. ಮೋನೋ ಮಾಡಿ. ಬರೀ ಅರ್ಥಗಾರಿಕೆಗೆ (ಮಾತಿನ ಭಾಗಕ್ಕೆ) ಮೋನೋ 64 ಕೆಬಿಪಿಎಸ್ ಸಾಕು. ಚಂಡೆ ಇದ್ದರೆ ಮೋನೋ 96ಕ್ಕಿಂತ ಕೆಳಗೆ ಇಳಿಯಬೇಡಿ. ಎಂಪಿ3 ಸದ್ದನ್ನು ತುಂಡು ತುಂಡಾಗಿ ಹಿಂಡುತ್ತದೆ. ಚಂಡೆಯ ಪೆಟ್ಟು ಒಂದು ತುಂಡಿನ ನಡುವೆ ಬಿದ್ದರೆ ಅದರ ಕಸ ಆ ತುಂಡಿನ ಉದ್ದಕ್ಕೂ ಹರಡುತ್ತದೆ, ಪೆಟ್ಟಿಗಿಂತ ಮುಂಚೆಯೇ 'ಶ್' ಎಂದು ಕೇಳುತ್ತದೆ. ಉರುಳಿಕೆ ನುಡಿಸುವಾಗ ಅಂತೂ ಒದ್ದೆ ಗೋಣಿ ಬಡಿದ ಹಾಗೆ. ತಾಳದ ಝಣಕಿಗೂ ಇದೇ ಗತಿ.

ಮೋನೋ ಮಾಡುವಾಗ ಎರಡು ಚಾನೆಲ್ ಕೂಡಿಸಬೇಡಿ. ಟೇಪ್ ರೆಕಾರ್ಡರಿನ ಹೆಡ್ ಕೂದಲೆಳೆಯಷ್ಟು ವಾಲಿದ್ದರೂ ಎಡಕ್ಕೂ ಬಲಕ್ಕೂ ಸಣ್ಣ ಸಮಯದ ವ್ಯತ್ಯಾಸ ಬರುತ್ತದೆ. ಕೂಡಿಸಿದಾಗ ಮೇಲಿನ ಸ್ವರಗಳು ಒಂದನ್ನೊಂದು ಹೊಡೆದುಹಾಕಿ ಸದ್ದು ಮಂಕಾಗುತ್ತದೆ. ಆಡಾಸಿಟಿ ಎಂಬ ಧ್ವನಿ ತಂತ್ರಾಂಶದಲ್ಲಿ ಟ್ರ್ಯಾಕನ್ನು ಸೀಳಿ, ಎರಡನ್ನೂ ಕೇಳಿ, ಚೆನ್ನಾಗಿರುವ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಅಳಿಸಿ. ಆಮೇಲೆ ಎಂಪಿ3ಗೆ ಎಕ್ಸ್‌ಪೋರ್ಟ್, ಬಿಟ್‌ರೇಟ್ ಸ್ಥಿರ. ಬದಲಾಗುವ ಬಿಟ್‌ರೇಟ್ ಕೊಟ್ಟರೆ ಕೆಲವು ಸೆಟ್ಟು ನಿಮಿಷ ತಪ್ಪು ತೋರಿಸಿ, ಮುಂದೆ ಓಡಿಸಿದಾಗ ಎಲ್ಲಿಗೋ ಹಾರುತ್ತದೆ.

ಇಡೀ ರಾತ್ರಿಯ ಆಟವನ್ನು ಒಂದೇ ಫೈಲಾಗಿ ಇಡಬೇಡಿ. ಬಹುತೇಕ ಸೆಟ್ಟುಗಳಲ್ಲಿ ಐದನೇ ಗಂಟೆಗೆ ಹೋಗಲು ಗುಂಡಿ ಒತ್ತಿ ಹಿಡಿದೇ ಇರಬೇಕು, ಅಷ್ಟರಲ್ಲಿ ಘಟ್ಟವೇ ಮುಗಿಯುತ್ತದೆ. ಎಂಪಿ3 ಡೈರೆಕ್ಟ್‌ಕಟ್ ಎಂಬ ಉಚಿತ ತಂತ್ರಾಂಶ ಮತ್ತೆ ಹಿಂಡದೆ ಹಾಗೇ ಕತ್ತರಿಸುತ್ತದೆ. 20ರಿಂದ 30 ನಿಮಿಷದ ತುಂಡು ಮಾಡಿ, ಪದ್ಯ ಮುಗಿದು ಮಾತು ಶುರುವಾಗುವಲ್ಲಿ ಕತ್ತರಿ ಹಾಕಿ.

ಎಲ್ಲಾ_ಫ್ಲಾಕ್ (ಶಿರಸಿ)

ಈ ಕಾಲದಲ್ಲೂ 32 ಜಿಬಿಗೆ ಹಿಂಡಿ ಕೂರಿಸುವುದು ಯಾಕೆ? ಈಗಿನ ಸೆಟ್ಟುಗಳಲ್ಲಿ ದೊಡ್ಡ ಡ್ರೈವಿನ ಎಕ್ಸ್‌ಫ್ಯಾಟ್ ಫಾರ್ಮ್ಯಾಟ್ ಓದುವವು ಬಂದಿವೆ, ಏನೂ ಕಳೆಯದೆ ಹಿಂಡುವ ಫ್ಲಾಕ್ ಫೈಲ್ ಕೂಡ ನುಡಿಯುತ್ತದೆ. 256 ಜಿಬಿ ಹಾಕಿ, ಒಂದು ಬಿಟ್ಟೂ ಕಳೆಯದೆ ಕೇಳಿ.

ಕಾಳಿ_ಸೇತುವೆ (ಕಾರವಾರ)

ಸೆಟ್ಟು ಓದುವುದಾದರೆ ತಪ್ಪೇನಿಲ್ಲ. ಆದರೆ ಮೂಲ ಕ್ಯಾಸೆಟ್, ಅದರದ್ದೇ ಹಿಸ್ ಇದೆ. ಮೇಲಿಂದ ಟೈರ್ ಸದ್ದು, ಎಸಿ ಫ್ಯಾನು, ಮಳೆಗಾಲದಲ್ಲಿ ವೈಪರು. ಅದರಲ್ಲಿ ಫ್ಲಾಕ್ ಬೇರೆ ಎಂಪಿ3 ಬೇರೆ ಎಂದು ಕಂಡುಹಿಡಿಯುವುದು ಕಷ್ಟವೇ. ಫ್ಲಾಕ್ ಮನೆಯ ಮೂಲಪ್ರತಿಗೆ ಇರಲಿ, ವೇವ್‌ನ ಅರ್ಧದಷ್ಟು ಜಾಗದಲ್ಲಿ ಏನೂ ಕಳೆಯದೆ ಉಳಿಯುತ್ತದೆ.

ಇನ್ನು ಫಾರ್ಮ್ಯಾಟ್, ಅಂದರೆ ಡ್ರೈವಿನಲ್ಲಿ ಫೈಲ್ ಜೋಡಿಸಿಡುವ ರೀತಿ. ಯಾವ ಸೆಟ್ಟಿಗೂ ಹೊಂದುವುದು ಫ್ಯಾಟ್32, ಪಾರ್ಟಿಶನ್ (ಡ್ರೈವಿನ ವಿಭಾಗಪಟ್ಟಿ) ಎಂಬಿಆರ್. ಫಾರ್ಮ್ಯಾಟ್ ಎನ್‌ಟಿಎಫ್‌ಎಸ್ ಅಥವಾ ಪಾರ್ಟಿಶನ್ ಜಿಪಿಟಿ ಇದ್ದರೆ ಎಷ್ಟೋ ಸೆಟ್ಟು ಮುಖ ತಿರುಗಿಸುತ್ತವೆ. 32 ಜಿಬಿವರೆಗಿನ ಎಸ್‌ಡಿ ಕಾರ್ಡ್ ಅಂಗಡಿಯಿಂದಲೇ ಫ್ಯಾಟ್32 ಆಗಿ ಬರುತ್ತದೆ, 64 ಮತ್ತು ಮೇಲಿನವು ಎಕ್ಸ್‌ಫ್ಯಾಟ್. ವಿಂಡೋಸ್‌ನ ಮಾಮೂಲಿ ಫಾರ್ಮ್ಯಾಟ್ ಕಿಟಕಿ 32 ಜಿಬಿ ದಾಟಿದರೆ ಫ್ಯಾಟ್32 ಆಯ್ಕೆಯನ್ನೇ ತೋರಿಸುತ್ತಿರಲಿಲ್ಲ, ಡ್ರೈವ್‌ಗೆ ಆ ಮಿತಿ ಇದೆ ಎಂದು ಜನ ನಂಬಿದ್ದು ಹಾಗೆ. 64 ಜಿಬಿ ಕೈಯಲ್ಲಿದ್ದರೆ ರೂಫಸ್ ಎಂಬ ಫಾರ್ಮ್ಯಾಟ್ ತಂತ್ರಾಂಶ ತೆಗೆಯಿರಿ, ಬೂಟ್ ಜಾಗದಲ್ಲಿ 'ನಾನ್ ಬೂಟಬಲ್', ಪಾರ್ಟಿಶನ್ ಎಂಬಿಆರ್, ಫೈಲ್ ಸಿಸ್ಟಂ 'ಲಾರ್ಜ್ ಫ್ಯಾಟ್32', ಸ್ಟಾರ್ಟ್. ಒಳಗಿದ್ದದ್ದೆಲ್ಲ ಅಳಿಯುತ್ತದೆ, ಸರಿಯಾದ ಡ್ರೈವ್ ಆರಿಸಿದ್ದೀರಾ ಎಂದು ಎರಡು ಸಲ ನೋಡಿ.

ಫ್ಯಾಟ್32ರಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ನಿಮ್ಮ ವೇವ್ ಲೆಕ್ಕದಲ್ಲಿ ಅದು 6 ಗಂಟೆ 45 ನಿಮಿಷ. ಎಂಪಿ3 ಆದಮೇಲೆ ಈ ಚಿಂತೆ ಇಲ್ಲ.

ದೇವಿಮನೆ_ತಿರುವು (ಶಿರಸಿ)

ಬಹಳ ಉಪಕಾರ. ಹಾಗಾದರೆ 32 ಜಿಬಿ ಸಾಕು. ಹಾಡಿನ ಕ್ರಮ, ಚೌಕದ ಅಕ್ಷರ ಬಾಕಿ ಉಳಿಯಿತು. ಪೆನ್‌ಡ್ರೈವೋ ಎಸ್‌ಡಿಯೋ ಅದನ್ನೂ ಹೇಳಿಬಿಡಿ.

ಉಪ್ಪುಗಾಳಿ (ಕುಮಟಾ)

ಕ್ರಮ ಮೊದಲು. ಹಲವು ಸೆಟ್ಟುಗಳು ಹೆಸರಿನ ಪ್ರಕಾರ ಜೋಡಿಸುವುದಿಲ್ಲ, ಡ್ರೈವಿನ ಫೈಲ್ ಪಟ್ಟಿಯಲ್ಲಿ ಯಾವುದು ಮೊದಲು ಬರೆದಿದೆಯೋ ಅದನ್ನೇ ಮೊದಲು ನುಡಿಸುತ್ತವೆ. ಕಂಪ್ಯೂಟರ್ ಪರದೆಯಲ್ಲಿ ಅಆಇಈ ಕ್ರಮದಲ್ಲಿ ಕಂಡರೂ ಒಳಗಿನ ಪಟ್ಟಿ ಬೇರೆ. ಹಳೆಯದೊಂದು ಹಾಡು ಅಳಿಸಿ ಹೊಸದು ಹಾಕಿದರೆ ಹೊಸದು ಆ ಖಾಲಿ ಸಾಲಿಗೆ ಹೋಗಿ ಕೂರುತ್ತದೆ, ಮೂರನೇ ಭಾಗದ ನಂತರ ಹನ್ನೊಂದನೇ ಭಾಗ ಬರುವುದು ಹೀಗೆ. ಮದ್ದು: ಹೆಸರಿನ ಮುಂದೆ 01, 02 ಎಂದು ಸೊನ್ನೆ ಸಮೇತ ಹಾಕಿ (ಬರೀ 1 ಹಾಕಿದರೆ 1ರ ನಂತರ 10 ಬರುತ್ತದೆ), ಡ್ರೈವ್ ಫಾರ್ಮ್ಯಾಟ್ ಮಾಡಿ ಒಂದೊಂದೇ ಫೋಲ್ಡರ್ ಕ್ರಮವಾಗಿ ಕಾಪಿ ಮಾಡಿ. ಅಷ್ಟಕ್ಕೂ ತಪ್ಪಿದರೆ ಡ್ರೈವ್‌ಸಾರ್ಟ್ ಅಥವಾ ಲಿನಕ್ಸ್‌ನಲ್ಲಿ ಫ್ಯಾಟ್‌ಸಾರ್ಟ್ ಪಟ್ಟಿಯನ್ನೇ ಮರುಜೋಡಿಸುತ್ತದೆ.

ಚೌಕ ಬರುವುದು ಸೆಟ್ಟಿನಲ್ಲಿ ಕನ್ನಡ ಫಾಂಟ್ ಇಲ್ಲದ್ದಕ್ಕೆ, ಅದಕ್ಕೆ ನೀವು ಮಾಡುವಂಥದ್ದು ಏನಿಲ್ಲ. ಫೈಲ್ ಹೆಸರನ್ನೂ ಒಳಗಿನ ಟ್ಯಾಗನ್ನೂ (ಫೈಲಿನೊಳಗೆ ಬರೆದ ಹಾಡಿನ ಹೆಸರು, ವಿವರ) ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಇಡಿ. ಎರಡನ್ನೂ ಬದಲಿಸಬೇಕು, ಟ್ಯಾಗ್ ಇದ್ದರೆ ಸೆಟ್ಟು ಅದನ್ನೇ ತೋರಿಸುತ್ತದೆ. ಎಂಪಿ3ಟ್ಯಾಗ್ ತಂತ್ರಾಂಶದಲ್ಲಿ ನೂರಾರು ಫೈಲ್ ಒಟ್ಟಿಗೆ ಆಗುತ್ತದೆ, ಟ್ಯಾಗಿನ ಆವೃತ್ತಿ 2.3 ಇಡಿ, ಹಳೆಯ ಸೆಟ್ಟಿಗೂ ಅದು ಅರ್ಥವಾಗುತ್ತದೆ. ಮ್ಯಾಕ್‌ನಿಂದ ಕಾಪಿ ಮಾಡಿದರೆ ಚುಕ್ಕಿ ಅಡಿಗೆರೆಯಿಂದ ಶುರುವಾಗುವ ಅಡಗುಫೈಲ್‌ಗಳು ಸೇರಿಕೊಂಡು ಪ್ರತಿ ಹಾಡಿಗೊಂದು ನುಡಿಯದ ಹಾಡು ಕಾಣುತ್ತದೆ, ಅಳಿಸಿ.

ಪೆನ್‌ಡ್ರೈವೋ ಎಸ್‌ಡಿಯೋ? ಎಸ್‌ಡಿ ಸ್ಲಾಟ್ ಕಾರಿನ ದಾರಿ ತೋರುವ ಮ್ಯಾಪಿಗೆ ಮೀಸಲಲ್ಲದಿದ್ದರೆ ನನ್ನ ಮತ ಎಸ್‌ಡಿಗೆ. ಹೊರಗೆ ಚಾಚಿಕೊಳ್ಳುವುದಿಲ್ಲ, ಮೊಣಕಾಲಿಗೆ ತಾಗುವುದಿಲ್ಲ. ಆದರೆ ಆಕಾರದಲ್ಲಿ ದೊಡ್ಡ ಎಸ್‌ಡಿಯನ್ನೇ ತೆಗೆದುಕೊಳ್ಳಿ. ಮೈಕ್ರೋ ಎಸ್‌ಡಿಯನ್ನು ಅಡಾಪ್ಟರಿನಲ್ಲಿ ಸಿಕ್ಕಿಸಿದರೆ ಸಂಪರ್ಕ ಎರಡು ಕಡೆ, ಹೊಂಡಕ್ಕೆ ಇಳಿದಾಗಲೆಲ್ಲ ಒಂದು ಕಡೆ ಬಿಟ್ಟು ಹಾಡು ಮೊದಲಿನಿಂದ ಶುರು. ಪೆನ್‌ಡ್ರೈವೇ ಆದರೆ ಉಗುರಿನಷ್ಟು ಚಿಕ್ಕದು ಹಾಕಿ. ಉದ್ದದ್ದಾದರೆ 15–20 ಸೆಂಟಿಮೀಟರಿನ ಎಕ್ಸ್‌ಟೆನ್ಷನ್ ವೈರು ಹಾಕಿ ಡಬ್ಬಿಯೊಳಗೆ ಮಲಗಿಸಿ. ಚಾಚಿದ ಡ್ರೈವಿಗೆ ಕೈ ತಾಗಿದರೆ ಮುರಿಯುವುದು ಡ್ರೈವ್ ಮಾತ್ರವಲ್ಲ, ಒಳಗಿನ ಪೋರ್ಟಿನ ಬೆಸುಗೆಯೂ.

ಕರಾವಳಿಯಲ್ಲಿ ಇನ್ನೆರಡು ಶತ್ರುಗಳು. ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ 70 ಡಿಗ್ರಿ ಮುಟ್ಟಬಹುದು. ಕಾವು ಹೆಚ್ಚಿದಷ್ಟೂ ಫ್ಲಾಶ್ ಮೆಮೊರಿ ಹಿಡಿದಿಟ್ಟ ವಿದ್ಯುತ್ ಬೇಗ ಸೋರುತ್ತದೆ, ವರ್ಷಗಟ್ಟಲೆ ಕಾರಿನಲ್ಲೇ ಬಿಟ್ಟ ಪ್ರತಿಯನ್ನು ನಂಬಬೇಡಿ. ಎರಡನೆಯದು ಉಪ್ಪುಗಾಳಿ, ಜೂನ್‌ನಿಂದ ಅದಕ್ಕೆ ತೇವವೂ ಜೊತೆ. ಪೆನ್‌ಡ್ರೈವಿನ ನಾಲ್ಕು ಪಟ್ಟಿಗಳು ಕಪ್ಪಾದರೆ ಸೆಟ್ಟು ಒಮ್ಮೆ ಓದುತ್ತದೆ ಒಮ್ಮೆ ಇಲ್ಲ. ಐಸೊಪ್ರೊಪೈಲ್ ಆಲ್ಕೋಹಾಲ್ ಹತ್ತಿಗೆ ತಾಗಿಸಿ ಒರೆಸಿ, ಐದು ನಿಮಿಷ ಒಣಗಲು ಬಿಡಿ. ಪಾಲಿಶ್ ಪೇಪರಿನಿಂದ ಉಜ್ಜಬೇಡಿ, ಮೇಲಿನ ತೆಳು ಚಿನ್ನದ ಲೇಪ ಹೋದರೆ ತುಕ್ಕು ಮತ್ತೂ ಬೇಗ.

ಬಡಗು_ಕಿವಿ (ಹೊನ್ನಾವರ)

ತಂದ ಕೂಡಲೆ ಡ್ರೈವನ್ನು ಪರೀಕ್ಷಿಸಿ. '1 ಟಿಬಿ' ಎಂದು ಬರೆದು ಚಿಲ್ಲರೆ ಕಾಸಿಗೆ ಮಾರುವವುಗಳಲ್ಲಿ ಒಳಗೆ 16ರದ್ದೋ 32ರದ್ದೋ ಚಿಪ್ಪು ಇರುತ್ತದೆ, ಕಂಪ್ಯೂಟರಿಗೆ ಮಾತ್ರ 1 ಟಿಬಿ ಎಂದು ಸುಳ್ಳು ಹೇಳುತ್ತದೆ. ಫೈಲ್ ಹೆಸರೆಲ್ಲ ಕಾಣುತ್ತದೆ, ನುಡಿಸಿದರೆ ಮೌನ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ನಲ್ಲಿ ಎಫ್3 ಡ್ರೈವನ್ನು ಪೂರ್ತಿ ತುಂಬಿಸಿ ಮತ್ತೆ ಓದಿ ನೋಡುತ್ತವೆ. ಸೆಕೆಂಡಿಗೆ 10 ಎಂಬಿ ಬರೆಯುವ 32 ಜಿಬಿ ಡ್ರೈವಿಗೆ ಬರೆಯಲು 53 ನಿಮಿಷ, ಓದಲು ಮತ್ತೆ ಅರ್ಧ ಗಂಟೆ ಹಿಡಿಯಬಹುದು. ಹಾಡು ಹಾಕುವ ಮೊದಲೇ ಮಾಡಿ.

ದೇವಿಮನೆ_ತಿರುವು (ಶಿರಸಿ)

ಸರಿ, 32 ಜಿಬಿಯ ದೊಡ್ಡ ಎಸ್‌ಡಿ ಒಂದು. ಕೊನೆಯದಾಗಿ, ಎಂಪಿ3 ಆದಮೇಲೆ ವೇವ್ ಅಳಿಸಬಹುದೇ?

ಬಡಗು_ಕಿವಿ (ಹೊನ್ನಾವರ)

ಖಂಡಿತ ಬೇಡ. ಫ್ಲಾಕ್ ಮಾಡಿ ಬೇರೆ ಬೇರೆ ಎರಡು ಡಿಸ್ಕಿನಲ್ಲಿ ಇಡಿ, ಒಂದು ಡಿಸ್ಕ್ ನೆಂಟರ ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು. ಕ್ಯಾಸೆಟ್‌ಗಳನ್ನೂ ಎಸೆಯಬೇಡಿ, ನಿಲ್ಲಿಸಿ ಇಡಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಮಳೆಗಾಲದಲ್ಲಿ ಟೇಪಿನ ಅಂಚಿಗೆ ಬಿಳಿ ಬೂಸ್ಟು ಕಂಡರೆ ಅದನ್ನು ಒರೆಸುವವರೆಗೆ ಡೆಕ್ಕಿಗೆ ಹಾಕಬೇಡಿ. ಬೂಸ್ಟು ಹೆಡ್ಡಿಗೆ ಹತ್ತಿದರೆ ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ.