ಕೊಲಂಬಿಯಾದವರೋ ನೇಪಾಳದವರೋ, ಯಾರು ಅನುಕೂಲಸ್ಥರು? – ಟ್ಯಾಕ್ಸ್ ಮೇಡಂಗೆ ಪ್ರಶ್ನೆ

ಪ್ರಶ್ನೆ (ಹಾಸನದ ಹುಡುಗ, ಈಗ ನ್ಯೂಜೆರ್ಸಿಯಲ್ಲಿ ಎಂ.ಎ.):

ಮೇಡಂ, ನಮಸ್ಕಾರ. ನೀವು ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ ಟ್ಯಾಕ್ಸ್ ಫೈಲ್ ಮಾಡಿಕೊಡ್ತೀರಿ, ನಿಮ್ಮ ಗಿರಾಕಿಗಳಲ್ಲಿ ಕೊಲಂಬಿಯಾದವರೂ ನೇಪಾಳದವರೂ ಜಾಸ್ತಿ ಅಂತ ಇದೇ ಗುಂಪಿನಲ್ಲಿ ಹಿಂದೊಮ್ಮೆ ಬರೆದಿದ್ದಿರಿ. ನನಗೆ ಕಾಲೇಜಿಗೆ ಒಂದು ಪೇಪರ್ ಬರೆಯಬೇಕಿದೆ. ಅಮೆರಿಕಕ್ಕೆ ಬಂದು ನೆಲೆಸಿದ ಈ ಎರಡು ಸಮುದಾಯಗಳ ಆರ್ಥಿಕ ಸ್ಥಿತಿಯನ್ನು ಹೋಲಿಸಬೇಕು. ಪ್ಯೂ ರಿಸರ್ಚ್ ಸೆಂಟರ್ ಎಂಬ ಸಮೀಕ್ಷಾ ಸಂಸ್ಥೆಯವರ ಲೆಕ್ಕ ನೋಡಿದೆ. 2019ರಲ್ಲಿ ನೇಪಾಳಿ ಮನೆಗಳ ಮೀಡಿಯನ್ ಆದಾಯ ವರ್ಷಕ್ಕೆ 55,000 ಡಾಲರ್. ಏಷ್ಯನ್ನರೆಲ್ಲ ಸೇರಿ 85,800. ನಮ್ಮ ಭಾರತೀಯರದ್ದು 1,19,000! ಕೊಲಂಬಿಯಾದವರು ಲ್ಯಾಟಿನೋಗಳ (ಲ್ಯಾಟಿನ್ ಅಮೆರಿಕ ಮೂಲದವರ) ಪೈಕಿ ವಾಸಿ, ಅವರಲ್ಲಿ ಬಡತನ ಕಮ್ಮಿ, ಡಿಗ್ರಿ ಜಾಸ್ತಿ ಅಂತಲೂ ಓದಿದೆ. ಹಾಗಾದರೆ ಕೊಲಂಬಿಯಾದವರು ಮುಂದೆ, ನೇಪಾಳಿಗಳು ಹಿಂದೆ ಅಂತ ಬರೆದುಬಿಡಲಾ?

ಉತ್ತರ:

ಬರೆದುಬಿಡಬೇಡಿ.

ಮೀಡಿಯನ್ ಅಂದರೆ ಎಲ್ಲ ಮನೆಗಳನ್ನೂ ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿದಾಗ ನಟ್ಟನಡುವೆ ನಿಲ್ಲುವ ಮನೆಯ ಆದಾಯ. ಅದು ನಿಮಗೆ ಗೊತ್ತಿರುತ್ತೆ. ಆದರೆ ಇಲ್ಲಿ ಒಬ್ಬರನ್ನು ಏಷ್ಯನ್ನರ ಪಕ್ಕ ನಿಲ್ಲಿಸಿ ಅಳೆದಿದ್ದಾರೆ, ಇನ್ನೊಬ್ಬರನ್ನು ಲ್ಯಾಟಿನೋಗಳ ಪಕ್ಕ. ಏಷ್ಯನ್ನರ ಸಾಲಿನಲ್ಲಿ ಎಚ್-1ಬಿ ಹಿಡಿದು ಬಂದ ನಮ್ಮ ಇಂಜಿನಿಯರುಗಳು ನಿಂತಿದ್ದಾರೆ. ಅವರ ಪಕ್ಕ ನಿಂತರೆ ಯಾರಾದರೂ ಕುಳ್ಳಗೇ ಕಾಣೋದು. ಅದೇ ವರ್ಷ ಇಡೀ ಅಮೆರಿಕದ ಮೀಡಿಯನ್ 61,800. ಅದರ ಪಕ್ಕ 55,000 ಇಟ್ಟು ನೋಡಿ. ಕಮ್ಮಿ ಹೌದು, ಆದರೆ ಅಂಥ ಪಾತಾಳವೇನಲ್ಲ.

ಇನ್ನೊಂದು ಅಂಕಿ ಕೊಡ್ತೀನಿ. ಅದೇ ಪ್ಯೂನವರು 2015ರ ಲೆಕ್ಕದಲ್ಲಿ ನೇಪಾಳಿಗಳಿಗೆ ಕೊಟ್ಟಿದ್ದು 43,500. ನಾಲ್ಕು ವರ್ಷದಲ್ಲಿ ಇಷ್ಟು ಏರಿದೆ. ಸಣ್ಣ ಸಮುದಾಯದ ಸ್ಯಾಂಪಲ್ ಸಣ್ಣದು, ಅಂಕಿ ಸ್ವಲ್ಪ ಓಲಾಡುತ್ತೆ, ಆದರೂ ದಿಕ್ಕು ತಿಳಿಯುತ್ತೆ ಅಲ್ವಾ? 2010ರ ಸೆನ್ಸಸ್‌ನಲ್ಲಿ ನೇಪಾಳಿಗಳು ಇದ್ದದ್ದು ಸುಮಾರು 52 ಸಾವಿರ, 2020ರಲ್ಲಿ ಎರಡು ಲಕ್ಷ ದಾಟಿದರು. ಅಂದರೆ ನೀವು ಅಳೆಯುತ್ತಿರುವ ಮನೆಗಳಲ್ಲಿ ಬಹಳಷ್ಟು ಮೊನ್ನೆ ಮೊನ್ನೆ ಸೂಟ್‌ಕೇಸ್ ಬಿಚ್ಚಿದವು.

ಕೊಲಂಬಿಯಾದವರ ಕಥೆ ಬೇರೆ. 1948ರಲ್ಲಿ ರಾಜಧಾನಿ ಬೊಗೊಟಾದಲ್ಲಿ ಗೈತಾನ್ ಎಂಬ ನಾಯಕನ ಕೊಲೆಯಾಯಿತು. ಆಮೇಲೆ ಹತ್ತು ವರ್ಷ ದೇಶ ಹೊತ್ತಿ ಉರಿಯಿತು. 1965ರಲ್ಲಿ ಅಮೆರಿಕದ ವಲಸೆ ಕಾನೂನು ಬದಲಾಯಿತು. ಆಗಿಂದ ಬರುತ್ತಲೇ ಇದ್ದಾರೆ. ರೋಡ್ ಐಲೆಂಡ್‌ನ ಸೆಂಟ್ರಲ್ ಫಾಲ್ಸ್ ಎಂಬ ಪುಟ್ಟ ಊರಿನ ಬಟ್ಟೆ ಮಿಲ್ಲುಗಳಿಗೆ 60ರ ದಶಕದಲ್ಲಿ ಮಗ್ಗ ನಡೆಸುವವರನ್ನು ಕೊಲಂಬಿಯಾದಿಂದಲೇ ಕರೆಸಿಕೊಂಡಿದ್ದರು. ಆಮೇಲೆ ಡ್ರಗ್ಸ್ ಗ್ಯಾಂಗುಗಳ ಕಾಲದಲ್ಲಿ ಒಂದು ಅಲೆ, 1999ರಲ್ಲಿ ಅಲ್ಲಿನ ಆರ್ಥಿಕತೆ ಕುಸಿದಾಗ ಒಂದು ಅಲೆ, 2021ರ ನಂತರ ಮೆಕ್ಸಿಕೊ ಗಡಿ ದಾಟಿದ ಒಂದು ಅಲೆ. 'ಕೊಲಂಬಿಯನ್' ಎಂಬ ಒಂದೇ ಕಾಲಂನಲ್ಲಿ ಫ್ಲೋರಿಡಾದಲ್ಲಿ ಸ್ವಂತ ಕ್ಲಿನಿಕ್ ಇಟ್ಟ ಡಾಕ್ಟರೂ ಇದ್ದಾರೆ, ಮೊನ್ನೆ ಬಂದು ಇಲ್ಲಿ ಕ್ವೀನ್ಸ್‌ನ ರೂಸ್‌ವೆಲ್ಟ್ ಅವೆನ್ಯೂದಲ್ಲಿ ಹಣ್ಣು ಕತ್ತರಿಸಿ ಮಾರುವವರೂ ಇದ್ದಾರೆ, ಇಂಗ್ಲಿಷ್ ಬಿಟ್ಟು ಬೇರೆ ಬಾರದ ಮೊಮ್ಮಕ್ಕಳೂ ಇದ್ದಾರೆ.

ಈಗ ನನ್ನ ಮೇಜಿಗೆ ಬನ್ನಿ. ರೂಸ್‌ವೆಲ್ಟ್ ಅವೆನ್ಯೂ ಮೇಲೆ 7 ನಂಬರ್ ಟ್ರೇನ್ ಓಡುತ್ತೆ. ಅದು ತಲೆ ಮೇಲೆ ಹೋಗುವಾಗ ನಾನೂ ಗಿರಾಕಿಯೂ ಮಾತು ನಿಲ್ಲಿಸಿ ಮುಖ ಮುಖ ನೋಡ್ತೇವೆ. ಎರಡು ಮನೆ ಹೇಳ್ತೀನಿ. ಗುರುತು ಬದಲಿಸಿದ್ದೀನಿ, ಅಂಕಿ ಬರೀ ಉದಾಹರಣೆಗೆ.

ಒಂದು ನೇಪಾಳಿ ಮನೆ. ಗಂಡ ಆ್ಯಪ್ ಟ್ಯಾಕ್ಸಿ ಓಡಿಸುತ್ತಾನೆ, ಹೆಂಡತಿ ನೇಲ್ ಸಲೂನ್‌ನಲ್ಲಿ, ಭಾವಮೈದ ಹೋಟೆಲ್ ಅಡುಗೆಮನೆಯಲ್ಲಿ. ಜೊತೆಗೆ ಇಬ್ಬರು ಮಕ್ಕಳು, ಅತ್ತೆ. ಎರಡು ಬೆಡ್‌ರೂಮಿನ ಬಾಡಿಗೆ ಮನೆ, ಆರು ಜನ. ಒಟ್ಟು 80 ಸಾವಿರ. ಇನ್ನೊಂದು, 82ನೇ ಬೀದಿ ಕಡೆಯ ಕೊಲಂಬಿಯನ್ ಅಮ್ಮ. ವಯಸ್ಸು ಎಪ್ಪತ್ತು, ಒಬ್ಬರೇ. ಸೋಶಿಯಲ್ ಸೆಕ್ಯುರಿಟಿ ಪಿಂಚಣಿ, ಜೊತೆಗೆ ವಾರಕ್ಕೆರಡು ದಿನ ಮಗು ನೋಡಿಕೊಳ್ಳುವ ಕೆಲಸ. ಒಟ್ಟು 30 ಸಾವಿರ. ಸರ್ವೆಯಲ್ಲಿ ನೇಪಾಳಿ ಮನೆ ಎಷ್ಟೋ ಮುಂದೆ. ಆದರೆ ಆ ಅಮ್ಮ ಇರುವ ಅಪಾರ್ಟ್‌ಮೆಂಟ್ ಆಕೆಯದೇ, ಸಾಲ ತೀರಿ ವರ್ಷಗಳಾಗಿವೆ. ತಲೆಗೆ ಎಷ್ಟು ಅಂತ ಭಾಗಿಸಿದರೆ ಆಕೆ 30 ಸಾವಿರ, ಇವರು 13 ಸಾವಿರ ಚಿಲ್ಲರೆ. ಅಂದಹಾಗೆ, ಭಾವಮೈದ ನನ್ನ ಹತ್ತಿರ ಬೇರೆಯೇ ರಿಟರ್ನ್ ಹಾಕುತ್ತಾನೆ. ಸೆನ್ಸಸ್‌ನವರಿಗೆ ಒಂದೇ ಸೂರು, ಒಂದೇ ಮನೆ. ಟ್ಯಾಕ್ಸ್‌ನವರಿಗೆ ಎರಡು.

ಈ ಕೆಲಸದಲ್ಲಿ ಇಷ್ಟು ವರ್ಷ ಕೂತು ನನಗೆ ಅನ್ನಿಸಿರೋದು ಇಷ್ಟೇ. ದೇಶ ಯಾವುದು ಅನ್ನೋದಕ್ಕಿಂತ ಯಾವ ವರ್ಷ ಬಂದರು, ಕೈಯಲ್ಲಿ ಯಾವ ಕಾಗದ ಇತ್ತು, ಬರೋದಕ್ಕೆ ಎಷ್ಟು ಸಾಲ ಮಾಡಿದರು, ಇವು ಮೂರೇ ಮುಖ್ಯ.

ಕಾಗದದ ವಿಷಯಕ್ಕೆ ಬಂದರೆ ನೇಪಾಳಿಗಳಿಗೆ ಒಂದು ಅದೃಷ್ಟ ಇತ್ತು: ಡಿವಿ, ಅಂದರೆ ಗ್ರೀನ್ ಕಾರ್ಡ್ ಲಾಟರಿ. ಐದು ವರ್ಷದಲ್ಲಿ 50,000ಕ್ಕಿಂತ ಜಾಸ್ತಿ ಜನ ಬೇರೆ ದಾರಿಗಳಲ್ಲಿ ಬಂದಿದ್ದರೆ ಆ ದೇಶಕ್ಕೆ ಈ ಲಾಟರಿ ಇಲ್ಲ. ಹಾಗಾಗಿ ನಮಗೂ ಇಲ್ಲ, ಕೊಲಂಬಿಯಾದವರಿಗೂ ಇಲ್ಲ. ನೇಪಾಳಕ್ಕೆ ಮಾತ್ರ ಹಲವು ವರ್ಷ, ವರ್ಷಕ್ಕೆ ಎರಡು ಮೂರು ಸಾವಿರ ವೀಸಾ ಬಂದಿವೆ. 'ಡಿವಿ ಪರ್ಯೋ' ಅಂತಾರೆ, 'ಡಿವಿ ಬಿತ್ತು' ಅಂತ. ಬಿದ್ದವನು ವಿಮಾನ ಇಳಿದ ದಿನವೇ ಕಾನೂನುಬದ್ಧ. ಸೋಶಿಯಲ್ ಸೆಕ್ಯುರಿಟಿ ನಂಬರ್ ಬರುತ್ತೆ, ಬ್ಯಾಂಕ್ ಸಾಲ ಕೇಳಬಹುದು, ಐದು ವರ್ಷಕ್ಕೆ ಪೌರತ್ವ.

ಡಿವಿ ಬೀಳದವನ ಪಾಡು ಕೇಳಬೇಡಿ. ಏಜೆಂಟನಿಗೆ ಹತ್ತಾರು ಲಕ್ಷ ನೇಪಾಳಿ ರೂಪಾಯಿ ಕೊಟ್ಟು, ದಕ್ಷಿಣ ಅಮೆರಿಕಕ್ಕೆ ಇಳಿದು, ಕೊಲಂಬಿಯಾ ದಾಟಿ, ಪನಾಮಾ ಗಡಿಯ ದಾರಿಯೆನ್ ಕಾಡಿನಲ್ಲಿ ನಡೆದು ಬಂದವರಿದ್ದಾರೆ. ಕೊಲಂಬಿಯಾದವರಿಗೇ ಆ ಕಾಡು ಬೇಕಿರಲಿಲ್ಲ. ಅವರಿಗೆ ಮೆಕ್ಸಿಕೊಗೆ ವೀಸಾ ಬೇಡ, ವಿಮಾನದಲ್ಲಿ ಹೋಗಿ ಗಡಿಗೆ ಬರಬಹುದಿತ್ತು. ಹೀಗೆ ಬಂದ ಇಬ್ಬರೂ ಒಂದೇ ರೆಸ್ಟೊರೆಂಟ್‌ನಲ್ಲಿ ಒಂದೇ ಸಂಬಳಕ್ಕೆ ಪಾತ್ರೆ ತೊಳೆಯುತ್ತಾರೆ. ನಿಮ್ಮ ಟೇಬಲ್‌ನಲ್ಲಿ ಆದಾಯ ಸಮ. ಆದರೆ ಒಬ್ಬ ಮೂರು ವರ್ಷ ಬಡ್ಡಿ ಕಟ್ಟಬೇಕು. ಯಾವ ಸರ್ವೆಯೂ ಆ ಸಾಲ ಕೇಳೋದಿಲ್ಲ.

ಐಟಿನ್, ಅಂದರೆ ಸೋಶಿಯಲ್ ಸೆಕ್ಯುರಿಟಿ ನಂಬರ್ ಇಲ್ಲದವರಿಗೆ ಟ್ಯಾಕ್ಸ್‌ನವರು ಕೊಡುವ ನಂಬರ್‌ನಲ್ಲಿ ಫೈಲ್ ಮಾಡುವವರದ್ದು ಇನ್ನೊಂದು ಗೋಳು. ಟ್ಯಾಕ್ಸ್ ಕಟ್ಟುತ್ತಾರೆ, ಆದರೆ ಕಮ್ಮಿ ಆದಾಯದ ದುಡಿಯುವವರಿಗೆ ಸರ್ಕಾರ ವಾಪಸ್ ಕೊಡುವ ಅರ್ನ್ಡ್ ಇನ್‌ಕಮ್ ಕ್ರೆಡಿಟ್ ಅವರಿಗಿಲ್ಲ. 2024ರ ಲೆಕ್ಕದಲ್ಲಿ ಮೂರು ಮಕ್ಕಳ ಮನೆಗೆ ಅದು 7,830 ಡಾಲರ್‌ವರೆಗೆ ಬರುತ್ತಿತ್ತು. ಒಂದು ನಂಬರ್ ಇಲ್ಲದ್ದಕ್ಕೆ ಒಂದು ಸಂಸಾರ ಅಷ್ಟು ಕಳೆದುಕೊಳ್ಳುತ್ತೆ. ನಾನು ಅದನ್ನು ಹೇಳುವಾಗ ಕ್ಯಾಲ್ಕುಲೇಟರ್ ನೋಡ್ತಾ ಹೇಳ್ತೀನಿ. ಮುಖ ನೋಡಕ್ಕಾಗಲ್ಲ.

ಕಾಮೆಂಟ್ (ಕೊಲಂಬಸ್, ಒಹಾಯೊದಿಂದ):

ಇಲ್ಲಿ ಎಲ್ಲಿ ನೋಡಿದರೂ ನೇಪಾಳಿ ಅಂಗಡಿ. ಆದರೆ ಕೇಳಿದರೆ 'ನಾವು ಭೂತಾನಿನವರು' ಅಂತಾರೆ. ಇವರನ್ನು ಯಾವ ಲೆಕ್ಕಕ್ಕೆ ಸೇರಿಸೋದು?

ಉತ್ತರ:

ಒಳ್ಳೆ ಮಾತು ನೆನಪಿಸಿದಿರಿ. 1990ರ ಸುಮಾರಿಗೆ ಭೂತಾನ್ ತನ್ನ ನೇಪಾಳಿ ಮಾತಾಡುವ ಜನರನ್ನು ಹೊರಗೆ ಹಾಕಿತು. ಪೂರ್ವ ನೇಪಾಳದ ಝಾಪಾ, ಮೊರಂಗ್ ಜಿಲ್ಲೆಗಳ ಕ್ಯಾಂಪುಗಳಲ್ಲಿ ಹದಿನೆಂಟು ವರ್ಷ ಇದ್ದರು. 2008ರಿಂದ ಅಮೆರಿಕ ಕರೆದುಕೊಂಡಿತು, 90 ಸಾವಿರಕ್ಕೂ ಮೇಲೆ. ಸೆನ್ಸಸ್ ಫಾರ್ಮ್‌ನಲ್ಲಿ ಕೆಲವರು ಭೂತಾನೀಸ್ ಅಂತ ಬರೆದರು, ಕೆಲವರು ನೇಪಾಳಿ ಅಂತ. ಬಿದಿರಿನ ಗುಡಿಸಲಲ್ಲಿ ಬೆಳೆದವನೂ ಕಠ್ಮಂಡುವಿನಲ್ಲಿ ಎರಡಂತಸ್ತಿನ ಮನೆ ಬಾಡಿಗೆಗೆ ಕೊಟ್ಟು ಬಂದವನೂ ಒಂದೇ ಕಾಲಂನಲ್ಲಿ ಕೂತಿದ್ದಾರೆ.

(ಆ ಕಠ್ಮಂಡು ಬಾಡಿಗೆಯನ್ನೂ ಇಲ್ಲಿನ ರಿಟರ್ನ್‌ನಲ್ಲಿ ತೋರಿಸಬೇಕು. ನಿಮ್ಮ ಜಯನಗರದ ಬಾಡಿಗೆಯೂ ಅಷ್ಟೇ. ಗುಂಪಿನಲ್ಲಿ ಯಾರೋ ಕೆಮ್ಮಿದ ಹಾಗಾಯ್ತು.)

ಕಾಮೆಂಟ್ (ಫ್ರೀಮಾಂಟ್‌ನಿಂದ):

ನೇಪಾಳಿಗಳಿಗೆ ಇಂಗ್ಲಿಷ್ ಬರುತ್ತೆ, ಓದಿಗೆ ಬೆಲೆ ಕೊಡ್ತಾರೆ. ಇನ್ನು ಹತ್ತು ವರ್ಷದಲ್ಲಿ ಕೊಲಂಬಿಯಾದವರನ್ನು ಹಿಂದೆ ಹಾಕ್ತಾರೆ, ನೋಡ್ತಿರಿ.

ಉತ್ತರ:

ಇರಬಹುದು ಸರ್. ಆದರೆ 'ನಮ್ಮ ಕಡೆಯವರು ಓದ್ತಾರೆ' ಅನ್ನೋ ಧಾಟಿ ನನಗೆ ಹಿಡಿಸಲ್ಲ. ನೇಪಾಳದಲ್ಲಿ ಇಂಗ್ಲಿಷ್ ಮೀಡಿಯಂ ಖಾಸಗಿ ಶಾಲೆಗೆ 'ಬೋರ್ಡಿಂಗ್ ಸ್ಕೂಲ್' ಅಂತಾರೆ, ರಾತ್ರಿ ಮನೆಗೆ ಬಂದು ಮಲಗಿದರೂ ಸರಿ. ಅಲ್ಲಿ ಓದಿದವನಿಗೆ ಇಂಗ್ಲಿಷ್ ಬರುತ್ತೆ. ಸರ್ಕಾರಿ ಶಾಲೆಯವನಿಗೆ ನಮ್ಮ ಊರಿನ ಹುಡುಗರಷ್ಟೇ. ಇತ್ತ ಸ್ಪ್ಯಾನಿಷ್ ಕೂಡ ಬಂಡವಾಳವೇ. ಇಲ್ಲಿ ಆಸ್ಪತ್ರೆ, ಬ್ಯಾಂಕು, ಕೋರ್ಟಿನ ಫಾರ್ಮ್ ಎಲ್ಲ ಸ್ಪ್ಯಾನಿಷ್‌ನಲ್ಲಿ ಸಿಗುತ್ತೆ. ಎರಡೂ ಭಾಷೆ ಬರುವ ಹುಡುಗಿಗೆ ಇನ್ಶೂರೆನ್ಸ್ ಆಫೀಸಿನಲ್ಲಿ ಕೂಡಲೇ ಕೆಲಸ. ನೇಪಾಳಿ ಬರುತ್ತೆ ಅಂತ ಕೆಲಸ ಕೊಡುವವರು ಎಷ್ಟು ಜನ?

ಇನ್ನೊಂದು. ಕೊಲಂಬಿಯಾದಲ್ಲಿ ಪ್ರತಿ ಮನೆಗೂ 1ರಿಂದ 6ರವರೆಗೆ ಒಂದು ದರ್ಜೆ ಇದೆ, 'ಎಸ್ತ್ರಾತೊ' ಅಂತ. ಕರೆಂಟು, ನೀರಿನ ಬಿಲ್ಲು ಅದರ ಮೇಲೆ. ಕೆಳಗಿನವರಿಗೆ ರಿಯಾಯಿತಿ, 5, 6ರವರು ಹೆಚ್ಚಿಗೆ ಕಟ್ಟಬೇಕು. ಇಲ್ಲಿ ಮನೆ ಗುಡಿಸುವ ಒಬ್ಬರು ನನಗೆ ಹೇಳಿದ್ದರು: 'ಮೇಡಂ, ಅಲ್ಲಿ ನಾನು ಎಸ್ತ್ರಾತೊ ನಾಲ್ಕು, ಹಲ್ಲಿನ ಡಾಕ್ಟರು.' ಅವರ ಡಿಗ್ರಿ ಇಲ್ಲಿ ನಡೆಯಲ್ಲ. ಗ್ಯಾಸ್ ಸ್ಟೇಷನ್ ಕೌಂಟರಿನಲ್ಲಿ ನಿಂತ ನೇಪಾಳಿ ಎಂ.ಎಸ್ಸಿ.ಯದ್ದೂ ಅದೇ ಹಣೆಬರಹ.

ಕಾಮೆಂಟ್ (ಮಂಡ್ಯದಿಂದ):

ಅಕ್ಕಾ, ಇವರಲ್ಲಿ ನಮ್ಮ ಹಾಗೆ ಚೀಟಿ ಗೀಟಿ ಇಲ್ವಾ?

ಉತ್ತರ:

ಇಲ್ಲದೆ ಏನು! ನೇಪಾಳಿಗಳಲ್ಲಿ 'ಢುಕುಟಿ' ಅಂತ, ಅಲ್ಲಿನ ಥಕಾಲಿ ಎಂಬ ಸಮುದಾಯದ ವ್ಯಾಪಾರಸ್ಥರು ಬೆಳೆಸಿದ ಪದ್ಧತಿ. ತಿಂಗಳಿಗಿಷ್ಟು ಹಾಕಿ ಒಬ್ಬೊಬ್ಬರಾಗಿ ಎತ್ತುತ್ತಾರೆ, ನಮ್ಮ ಚೀಟಿಯೇ. ಬ್ಯಾಂಕು ತಿರುಗಿ ನೋಡದ ಎಷ್ಟೋ ಮೊಮೊ ಅಂಗಡಿಗಳ ಮೊದಲ ಬಂಡವಾಳ ಇದು. ಕೊಲಂಬಿಯಾದ ಆಂತಿಯೋಕಿಯಾ ಕಡೆಯವರದ್ದು 'ನಾತಿಯೇರಾ'. ವರ್ಷವೆಲ್ಲ ಹಾಕಿ, ಡಿಸೆಂಬರ್‌ನಲ್ಲಿ ಹಂಚಿಕೊಳ್ಳೋದು. ಕ್ರಿಸ್‌ಮಸ್‌ಗೆ ಮಾಡುವ 'ನಾತಿಯಾ' ಎಂಬ ಸಿಹಿಯ ಹೆಸರಿನಿಂದ ಬಂದಿದ್ದು. ಒಬ್ಬರದ್ದು ಅಂಗಡಿ ತೆರೆಯೋಕೆ, ಇನ್ನೊಬ್ಬರದ್ದು ಹಬ್ಬಕ್ಕೆ ಅಂತ ಹೇಳಿದರೆ ಕೊಲಂಬಿಯನ್ ಗಿರಾಕಿಗಳು ನನ್ನನ್ನು ಸುಮ್ನೆ ಬಿಡಲ್ಲ. ಹಾಗಾಗಿ ಹೇಳಲ್ಲ.

ಕಾಮೆಂಟ್ (ಬೆಂಗಳೂರಿನಿಂದ):

ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರು ನೇಪಾಳದವರು. ಅವರ ಊರಿನವರು ಯಾರೂ ಅಮೆರಿಕದಲ್ಲಿ ಇಲ್ವಂತೆ.

ಉತ್ತರ:

ಅದೇ ವಿಷಯ. 1950ರ ಒಪ್ಪಂದದಿಂದ ನೇಪಾಳದವರು ಭಾರತಕ್ಕೆ ವೀಸಾ ಇಲ್ಲದೆ ಬರಬಹುದು, ಬಸ್ ಚಾರ್ಜ್ ಇದ್ದರೆ ಸಾಕು. ಹಾಗಾಗಿ ತೀರಾ ಬಡವರು ಅಲ್ಲಿಗೆ. ಸಾಲ ಹುಟ್ಟುವವರು ಗಲ್ಫ್, ಮಲೇಷ್ಯಾಕ್ಕೆ. ಅದಕ್ಕಿಂತ ಮೇಲಿನವರು ಇಲ್ಲಿಗೆ. ನೇಪಾಳದ ಜಿಡಿಪಿಯ ಸುಮಾರು ಕಾಲು ಭಾಗ ಹೊರಗಿನವರು ಕಳಿಸುವ ಹಣ. ಕೊಲಂಬಿಯಾಕ್ಕೆ 2023ರಲ್ಲಿ 1,000 ಕೋಟಿ ಡಾಲರ್ ದಾಟಿತು, ಆದರೆ ಆ ದೊಡ್ಡ ಆರ್ಥಿಕತೆಗೆ ಅದು ನೂರಕ್ಕೆ ಮೂರರ ಆಸುಪಾಸು ಅಷ್ಟೇ. 2026ರಿಂದ ಇಲ್ಲಿ ನಗದು ಕೊಟ್ಟು ಊರಿಗೆ ಕಳಿಸಿದರೆ ಶೇ 1 ಟ್ಯಾಕ್ಸ್ ಬೇರೆ. ಬ್ಯಾಂಕ್ ಖಾತೆಯಿಂದ ಕಳಿಸಿದರೆ ಇಲ್ಲ. ಖಾತೆ ಇಲ್ಲದವನ ಮೇಲೇ ಬಿತ್ತು ಅನ್ನಿ.

ಕಾಮೆಂಟ್ (ಮ್ಯಾಡ್ರಿಡ್‌ನಿಂದ):

ಸ್ಪೇನ್‌ನಲ್ಲಿ ಕೊಲಂಬಿಯಾದವರಿಗೆ ಎರಡೇ ವರ್ಷಕ್ಕೆ ಪೌರತ್ವ ಕೇಳುವ ಹಕ್ಕಿದೆ. ನಮಗೆ, ನೇಪಾಳಿಗಳಿಗೆ ಹತ್ತು ವರ್ಷ.

ಉತ್ತರ:

ನೋಡಿ, ಜನ ಅದೇ, ಕಾಗದ ಬೇರೆ. ಇಲ್ಲೂ 2015ರ ಭೂಕಂಪದ ನಂತರ ನೇಪಾಳಿಗಳಿಗೆ ಟಿಪಿಎಸ್ ಎಂಬ ತಾತ್ಕಾಲಿಕ ರಕ್ಷಣೆ ಕೊಟ್ಟರು. 2018ರಲ್ಲಿ ನಿಲ್ಲಿಸ್ತೀವಿ ಅಂದರು, ಕೋರ್ಟಿಗೆ ಹೋದರು, ಮುಂದುವರಿಯಿತು. 2025ರ ಜೂನ್‌ನಲ್ಲಿ ಮತ್ತೆ ನಿಲ್ಲಿಸ್ತೀವಿ ಅಂದರು, ಮತ್ತೆ ಕೋರ್ಟು. ಆ ಕಾಗದದ ಮೇಲೆ ಹತ್ತು ವರ್ಷ ದುಡಿದು, ಮನೆ ಕೊಂಡು, ಸಾಲದ ಕಂತು ಕಟ್ಟುತ್ತಿರುವವರಿದ್ದಾರೆ. ಆದಾಯ ಚೆನ್ನಾಗಿದೆ. ನಿದ್ದೆ ಇಲ್ಲ.

ಪ್ರಶ್ನೆ ಕೇಳಿದ ಹುಡುಗ:

ಮೇಡಂ, ತಲೆ ತಿರುಗ್ತಿದೆ. ಕೊನೆಗೆ ಟೇಬಲ್‌ನಲ್ಲಿ ಏನು ಹಾಕಲಿ?

ಉತ್ತರ:

ಹೊರದೇಶದಲ್ಲಿ ಹುಟ್ಟಿದವರನ್ನು ಮಾತ್ರ ತಗೊಳ್ಳಿ, ಮೊಮ್ಮಕ್ಕಳನ್ನು ಬಿಡಿ. ಬಂದ ವರ್ಷದ ಪ್ರಕಾರ ಎರಡು ಭಾಗ ಮಾಡಿ, 2010ಕ್ಕೆ ಮುಂಚೆ, ಆಮೇಲೆ. ಮನೆಯ ಆದಾಯದ ಪಕ್ಕ ಮನೆಯಲ್ಲಿ ಎಷ್ಟು ಜನ ಅಂತಲೂ ಹಾಕಿ. ಸ್ವಂತ ಮನೆಯೋ ಬಾಡಿಗೆಯೋ ನೋಡಿ. ಸೆನ್ಸಸ್‌ನವರ ಅಮೆರಿಕನ್ ಕಮ್ಯುನಿಟಿ ಸರ್ವೆಯಲ್ಲಿ ಇಷ್ಟೂ ಸಿಗುತ್ತೆ. ಒಂದೇ ಸಮಯಕ್ಕೆ ಬಂದವರನ್ನು ಎದುರುಬದುರು ಕೂರಿಸಿದರೆ ಆ ಅಂತರದಲ್ಲಿ ಎಷ್ಟು ಉಳಿಯುತ್ತೆ ಅಂತ ನೋಡಿ. ಜಾಸ್ತಿ ಉಳಿಯಲ್ಲ ಅಂತ ನನ್ನ ಊಹೆ. ತಪ್ಪಾದರೆ ಇಲ್ಲೇ ಬಂದು ಬರೆಯಿರಿ.

ಒಂದು ದಿನ ಕ್ವೀನ್ಸ್‌ನ ಜಾಕ್ಸನ್ ಹೈಟ್ಸ್‌ಗೂ ಬನ್ನಿ. 74ನೇ ಬೀದಿ ಸ್ಟೇಷನ್ ಪಕ್ಕದಲ್ಲೇ ಮೊಮೊ ತಿಂದು, ರೂಸ್‌ವೆಲ್ಟ್ ಕೆಳಗೆ ನಡೀತಾ ಹೋದರೆ 82ರ ಹತ್ತಿರ ಬೊಗೊಟಾದ ಚಾಪಿನೆರೊ ಬಡಾವಣೆಯ ಹೆಸರಿಟ್ಟ 'ಚಾಪಿನೆರಿತೊ' ಎಂಬ ಕೊಲಂಬಿಯನ್ ಪ್ರದೇಶ ಸಿಗುತ್ತೆ. ಅಲ್ಲಿ ಅರೇಪಾ ತಿನ್ನಬಹುದು, ಮೆಕ್ಕೆಜೋಳದ ದಪ್ಪ ರೊಟ್ಟಿ, ಮೇಲೆ ಚೀಸ್. ಆದರೆ ಏಪ್ರಿಲ್ 15 ಕಳೆದ ಮೇಲೆ ಬನ್ನಿ. ಅಲ್ಲಿವರೆಗೆ ನನಗೇ ಊಟಕ್ಕೆ ಪುರುಸೊತ್ತಿಲ್ಲ.