ಗುಳಿಯೊ ಎಣ್ಣೆಯಲ್ಲಿ ಸಿಡಿಯುತ್ತಿದೆ, ಇನ್ನೂ 11 ಮನೆಯ ಕುಸ್ವಾರ್ ಬಾಕಿ ಇದೆ

ಕಿನ್ನಿಗೋಳಿಯವ | ಡಿಸೆಂಬರ್ 17

ಎಲ್ಲರಿಗೂ ನಮಸ್ಕಾರ. ಮೂರು ಪ್ರಶ್ನೆ ಇದೆ. ಮೊದಲನೆಯದು ಅರ್ಜೆಂಟು.

ನಾವು ಮಂಗಳೂರು ಕಡೆಯ ಕಿನ್ನಿಗೋಳಿ ಹತ್ತಿರದ ಕೊಂಕಣಿ ಕ್ಯಾಥೊಲಿಕರು. ನಾನು ಬೆಂಗಳೂರಲ್ಲಿ ಕೆಲಸ ಮಾಡುತ್ತೇನೆ. ನವೆಂಬರ್ ಕೊನೆಗೆ ಅಮ್ಮ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡರು. ಪ್ಲಾಸ್ಟರ್ ಬಿಚ್ಚುವುದು ಜನವರಿಯಲ್ಲಿ. ಅಕ್ಕ ಕುವೈತಲ್ಲಿ ಇದ್ದಾಳೆ. ನನ್ನ ಹೆಂಡತಿ ನರ್ಸು, ಅವಳಿಗೆ ರಜೆ ಸಿಕ್ಕಿದ್ದು 24ರಿಂದ. ಹಾಗಾಗಿ ಲ್ಯಾಪ್‌ಟಾಪ್ ಹಿಡಿದುಕೊಂಡು ನಾನೊಬ್ಬನೇ ಊರಿಗೆ ಬಂದೆ. "ಈ ವರ್ಷ ಕುಸ್ವಾರ್ ಬೇಕರಿಯಿಂದ ತರೋಣ ಅಮ್ಮಾ" ಅಂದೆ. ಅಮ್ಮ ಏನೂ ಹೇಳಲಿಲ್ಲ. ಎಡಗೈಯಲ್ಲಿ ಸೊಳ್ಳೆ ಓಡಿಸುತ್ತಾ ಕೂತರು. ಮಾರನೇ ದಿನ ಬೆಳಿಗ್ಗೆ ನಾನೇ ಬೆಳ್ತಿಗೆ ಅಕ್ಕಿ ನೆನೆಹಾಕಿದೆ.

ಗೊತ್ತಿಲ್ಲದವರಿಗೆ: ಕುಸ್ವಾರ್ ಅಂದರೆ ನತಾಲ್ ಹಬ್ಬಕ್ಕೆ, ಅಂದರೆ ಕ್ರಿಸ್‌ಮಸ್‌ಗೆ, ನಾವು ಮಾಡುವ ತಿಂಡಿಗಳೆಲ್ಲ ಸೇರಿದ್ದು. ನೆವ್ರಿ ಅಂದರೆ ನಿಮ್ಮ ಕರ್ಜಿಕಾಯಿಯೇ, ಒಳಗೆ ಎಳ್ಳು, ಕೊಬ್ಬರಿ, ಏಲಕ್ಕಿ. ಕಿಡಿಯೊ ಅಂದರೆ ಹುಳಗಳು. ಮೈದಾ ಹಿಟ್ಟಿನ ಸಣ್ಣ ಉಂಡೆಯನ್ನು ಬಾಚಣಿಗೆ ಮೇಲೆ ಒತ್ತಿ ಸುರುಳಿ ಮಾಡುವುದು. (ಆ ಬಾಚಣಿಗೆ ಇದಕ್ಕೇ ಅಂತ ಇಟ್ಟದ್ದು, ತಲೆಗೆ ತಾಗಿಲ್ಲ, ಗಾಬರಿ ಬೇಡ.) ಗುಲಾಬಿ ಹೂವಿನ ಅಚ್ಚಿನಲ್ಲಿ ಕರಿಯುವ ಕೊಕ್ಕಿಸಾಂ, ಚಕ್ಕುಲಿ, ತುಕ್ಡಿ, ಕೇಕ್. ಮತ್ತೆ ಗುಳಿಯೊ. ಅಕ್ಕಿ ಹಿಟ್ಟು, ಕಾಯಿಹಾಲು, ಸ್ವಲ್ಪ ಸಕ್ಕರೆ, ಉಪ್ಪು ಕಲಸಿ ಗೋಲಿಯಷ್ಟು ದಪ್ಪಕ್ಕೆ ಉಂಡೆ ಮಾಡಿ ಕರಿಯುವುದು.

ನಿನ್ನೆ ಆ ಗುಳಿಯೊ ಸಿಡಿಯಿತು. ಮೊದಲು ಎಣ್ಣೆಯಲ್ಲಿ ಸುಮ್ಮನೆ ತೇಲುತ್ತಿತ್ತು. ಗುಳ್ಳೆ ಕಮ್ಮಿಯಾಯಿತು, ಬಣ್ಣ ಬಂತು, ಆಹಾ ಅಂದುಕೊಂಡೆ. ಟಪ್! ಒಂದು ಹಾರಿ ಸೀಲಿಂಗ್‌ಗೆ ಬಡಿಯಿತು. ಅದರ ಹಿಂದೆ ಇನ್ನೆರಡು. ನಾನು ಜಾಲರಿ ಸೌಟನ್ನು ಗುರಾಣಿ ಥರ ಹಿಡಿದು ಗ್ಯಾಸ್ ಆಫ್ ಮಾಡಿದೆ. ಮೊಣಕೈ ಹತ್ತಿರ ಎರಡು ಬೊಬ್ಬೆ. ಅಮ್ಮ ಕುರ್ಚಿಯಿಂದ "ಪುತಾ, ಮುಖ ಹಿಂದೆ!" ಅಂತ ಕೂಗಿದ್ದು ಮಾತ್ರ ನೆನಪು. ಯಾಕೆ ಹೀಗೆ ಅಂತ ಕೇಳಿದರೆ "ನನ್ನ ಕೈಯಲ್ಲಿ ಯಾವತ್ತೂ ಆಗಿಲ್ಲ" ಅನ್ನುತ್ತಾರೆ. ಅದು ಉತ್ತರ ಅಲ್ಲ ಅಲ್ವಾ?

ಎರಡನೇ ಪ್ರಶ್ನೆ. ನಾವು 11 ಮನೆಗೆ ತಟ್ಟೆ ಕೊಡುತ್ತೇವೆ. ಎಲ್ಲ ತಟ್ಟೆಯೂ ಒಂದೇ ಅಂತ ನಾನು ಇಷ್ಟು ವರ್ಷ ತಿಳಿದಿದ್ದೆ. ಅಲ್ಲವಂತೆ! ಭಟ್ರ ಮನೆ ತಟ್ಟೆಯಲ್ಲಿ ಕೇಕೂ ಇಲ್ಲ, ಕೊಕ್ಕಿಸಾಂ ಕೂಡ ಇಲ್ಲ. ಎರಡಕ್ಕೂ ಮೊಟ್ಟೆ ಬೀಳುತ್ತದೆ. ಅವರಿಗೆ ಅಂತ ಮೊದಲ ದಿನ, ಮೊಟ್ಟೆ ಒಡೆಯುವ ಮೊದಲೇ, ಹೊಸ ಎಣ್ಣೆಯಲ್ಲಿ ಕರಿದು ಬೇರೆ ಡಬ್ಬಿಗೆ ಹಾಕುತ್ತಾರೆ. ಬ್ಯಾರಿ ಮನೆಯ (ಬ್ಯಾರಿ ಅಂದರೆ ನಮ್ಮ ಕರಾವಳಿಯ ಮುಸ್ಲಿಮರು) ಕೇಕಿಗೆ ರಮ್ ಇಲ್ಲ. ಹಂದಿ ಮಾಂಸ ಮಾಡುವ ಪಾತ್ರೆ ಕುಸ್ವಾರ್ ಹತ್ತಿರ ಬರುವಂತೆಯೇ ಇಲ್ಲ. ಇದೆಲ್ಲ ಎಲ್ಲಿಯೂ ಬರೆದಿಟ್ಟಿಲ್ಲ, ಅಮ್ಮನ ತಲೆಯಲ್ಲಿದೆ. ಕೇಕಿನ ಒಣಹಣ್ಣಿನ ಒಂದು ಡಬ್ಬಿಗೆ ಕೆಂಪು ನೂಲು ಕಟ್ಟಿದ್ದರು. ನಾನು ನೂಲು ಬಿಚ್ಚಿ, ಅದನ್ನೂ ರಮ್ ಬಾಟಲಿಗೇ ಸುರಿದುಬಿಟ್ಟೆ. ಆ ನೂಲೇ ಬ್ಯಾರಿ ಮನೆಯ ಗುರುತು. ಈಗ ಹೊಸ ಹಣ್ಣು ತಂದಿದ್ದೇನೆ. ರಮ್ ಬದಲು ಯಾವುದರಲ್ಲಿ ನೆನೆಸಲಿ?

ಮೂರನೆಯದು. ಪಕ್ಕದ ಶೆಟ್ರ ಮನೆಯಲ್ಲಿ ಅಕ್ಟೋಬರಲ್ಲಿ ಅಜ್ಜಿ ತೀರಿಕೊಂಡರು. ಸಾವಾದ ಮನೆಗೆ ಹಬ್ಬದ ಸಿಹಿ ಕಳಿಸಬಹುದಾ? ಅಮ್ಮನಿಗೂ ಅನುಮಾನ.

---

ಬಜಪೆ ಆಂಟಿ | ಡಿಸೆಂಬರ್ 17

ಮಗಾ, ಮೊದಲು ಬೊಬ್ಬೆಗೆ ತಣ್ಣೀರು ಬಿಡು. ಟೂತ್‌ಪೇಸ್ಟ್ ಗೀಸ್ಟ್ ಹಚ್ಚಬೇಡ.

ಗುಳಿಯೊ ಸಿಡಿಯುವುದು ಎಲ್ಲರ ಮನೆಯಲ್ಲೂ ಇದೆ. ನಿನ್ನ ಅಮ್ಮನ ಕೈಯಲ್ಲೂ ಆಗಿರುತ್ತದೆ, ಹೇಳುವುದಿಲ್ಲ ಅಷ್ಟೇ. ಹೊರಗಿನ ಸಿಪ್ಪೆ ಬೇಗ ಗಟ್ಟಿಯಾಗುತ್ತದೆ, ಒಳಗಿನ ನೀರು ಆವಿಯಾಗಿ ದಾರಿ ಸಿಗದೆ ಒಡೆಯುತ್ತದೆ. ನೀನು ಎಣ್ಣೆ ಜಾಸ್ತಿ ಕಾಯಿಸಿದ್ದೀಯ. ಉಂಡೆಯನ್ನೂ ಚೆಂದ ಕಾಣಲಿ ಅಂತ ಬಿಗಿಯಾಗಿ, ನುಣ್ಣಗೆ ಉರುಟಿದ್ದೀಯ. ಗಂಡಸರು ಮಾಡುವುದೇ ಹಾಗೆ.

ಹಿಟ್ಟನ್ನು ಎರಡು ಸಲ ಜರಡಿ ಹಿಡಿ. ಒಂದು ತರಿ ಉಳಿದರೂ ಸಾಕು ಒಡೆಯಲಿಕ್ಕೆ. ಸಣ್ಣ ಉರಿಯಲ್ಲಿ ಹಿಟ್ಟು ಬಿಸಿ ಮಾಡು, ಬಣ್ಣ ಬದಲಾಗಬಾರದು. ಕಾಯಿಹಾಲು ಕುದಿಸಿ ಬಿಸಿಬಿಸಿಯಾಗಿಯೇ ಕಲಸು. ಉಂಡೆ ಮೆತ್ತಗೆ ಉರುಟಿ ಬಟ್ಟೆ ಮೇಲೆ ಸ್ವಲ್ಪ ಹೊತ್ತು ಆರಲಿ. ಮೊದಲು ಎರಡೇ ಎರಡು ಹಾಕಿ ನೋಡು. ಉರಿ ಮಧ್ಯಮಕ್ಕಿಂತ ಕಮ್ಮಿ ಇರಲಿ, ಅವಸರ ಬೇಡ. ಆಗಿದೆಯಾ ಅಂತ ನೋಡಲು ಒಂದು ಆರಿದ ಮೇಲೆ ಸ್ಟೀಲ್ ತಟ್ಟೆಗೆ ಬಿಡು. ಟಣ್ ಅನ್ನಬೇಕು. ದೊಪ್ ಅಂದರೆ ಒಳಗೆ ಹಸಿ.

ಕೇಕಿನ ಹಣ್ಣಿಗೆ ಕಿತ್ತಳೆ ರಸ ಸಾಕು. ಹಿಂದಿನ ರಾತ್ರಿ ನೆನೆಸಿ ಫ್ರಿಜ್‌ನಲ್ಲಿಡು. ಬಣ್ಣಕ್ಕೆ ಸಕ್ಕರೆ ಕರಗಿಸಿ ಕಪ್ಪಗೆ ಮಾಡಿ ಹಾಕು. ರಮ್ ಇಲ್ಲ ಅಂತ ಯಾರಿಗೂ ಗೊತ್ತಾಗದು. ಆದರೆ ಆ ಕೇಕ್ ಬೇಗ ಖರ್ಚಾಗಬೇಕು, 23ಕ್ಕೆ ಮಾಡು.

---

ಮೇಲುಕೋಟೆ ಮಗಳು | ಡಿಸೆಂಬರ್ 18

ಓದಿ ನಗು ತಡೆಯಲಾಗಲಿಲ್ಲ, ಕ್ಷಮಿಸಿ. ನಮ್ಮ ಮನೆಯಲ್ಲಿ ಗೋಕುಲಾಷ್ಟಮಿಗೆ ಉಪ್ಪು ಸೀಡೆ ಮಾಡುವಾಗ ಥೇಟ್ ಇದೇ ಕಥೆ. ಅದೇ ಅಕ್ಕಿ ಹಿಟ್ಟು, ಅದೇ ಗೋಲಿ ಗಾತ್ರ. ನಮ್ಮಮ್ಮ ಮಕ್ಕಳನ್ನೆಲ್ಲ ಹೊರಗೆ ಕಳಿಸಿ ಅಡುಗೆಮನೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ನಾವು ಮಡಿಗೆ ಅಂದುಕೊಂಡಿದ್ದೆವು. ಅದು ಸಿಡಿಯುವ ಭಯಕ್ಕೆ!

ಒಂದು ಉಪಾಯ: ಪ್ರತಿ ಉಂಡೆಗೂ ಸೂಜಿಯಿಂದ ಎರಡು ಕಡೆ ಚುಚ್ಚಿ. ಸಾವಿರ ಉಂಡೆ ಇದ್ದರೂ ಚುಚ್ಚಲೇಬೇಕು. ಟಿವಿ ಮುಂದೆ ಕೂತು ಮಾಡಿದರೆ ಬೇಜಾರಾಗಲ್ಲ. ನಿಮ್ಮ ತಿಂಡಿ ಪಟ್ಟಿಯಲ್ಲಿ ಕರ್ಜಿಕಾಯಿ, ಚಕ್ಕುಲಿ, ಸೀಡೆ ಮೂರೂ ನಮ್ಮವೇ ಆಯ್ತಲ್ಲ. ಬಾಚಣಿಗೆ ಮಾತ್ರ ನಮ್ಮಲ್ಲಿಲ್ಲ.

---

ಸುಮ್ನಿರಿ ಸ್ವಾಮಿ | ಡಿಸೆಂಬರ್ 18

ಬೇರೆ ಮಾತು ಹೇಳುತ್ತೇನೆ, ಬೈಬೇಡಿ. ನಾನೂ ಮಂಗಳೂರಿನವನೇ. ಈಗ ಮಂಗಳೂರಲ್ಲಿ ಮನೆಯಲ್ಲೇ ಕುಸ್ವಾರ್ ಮಾಡಿ ಮಾರುವ ಹೆಂಗಸರು ಎಷ್ಟೋ ಮಂದಿ ಇದ್ದಾರೆ. ರುಚಿಯೂ ಚೆನ್ನಾಗಿರುತ್ತದೆ, ಅವರಿಗೂ ನಾಲ್ಕು ಕಾಸು. ನಮ್ಮ ಅಮ್ಮ ಡಿಸೆಂಬರ್ ಪೂರ್ತಿ ಬಾಣಲೆ ಮುಂದೆ ನಿಂತು, ಹಬ್ಬದ ದಿನ ಸನ್ನಾಂ (ಇಡ್ಲಿಯಂಥದ್ದು) ಮುಟ್ಟದೆ ಮಲಗುತ್ತಿದ್ದರು. ಅದನ್ನು ನೋಡಿ ನೋಡಿ ನನಗೆ ಕುಸ್ವಾರ್ ಅಂದರೆ ಸಿಟ್ಟು. ಕೈ ಮುರಿದವರ ಎದುರು ನೀವು ಒದ್ದಾಡಿದರೆ ಅವರಿಗೂ ಹಿಂಸೆ.

---

ಕಿನ್ನಿಗೋಳಿಯವ | ಡಿಸೆಂಬರ್ 18

ಬೈಯಲ್ಲ ಸ್ವಾಮಿ, ನಿಮ್ಮ ಮಾತು ಸರಿ ಇದೆ. ಕಿಡಿಯೊ ಮತ್ತು ಕೊಕ್ಕಿಸಾಂ ನೀವು ಹೇಳಿದ ಹಾಗೇ ಆರ್ಡರ್ ಮಾಡಿದೆ. ಕೊಕ್ಕಿಸಾಂ ಅಚ್ಚು ನನ್ನ ಮಾತು ಕೇಳುತ್ತಲೇ ಇಲ್ಲ, ಹಿಟ್ಟು ಬಿಡುವುದೇ ಇಲ್ಲ. ಆದರೆ ಅಮ್ಮನಿಗೆ ಹಿಂಸೆ ಅನ್ನುವುದು ಮಾತ್ರ ಸುಳ್ಳು. ಕುರ್ಚಿ ಅಡುಗೆಮನೆ ಬಾಗಿಲಿಗೆ ಹಾಕಿಸಿಕೊಂಡಿದ್ದಾರೆ. ಇಷ್ಟು ವರ್ಷದಲ್ಲಿ ನಾನು ಅವರು ಹೇಳಿದ್ದನ್ನು ಇಷ್ಟು ಕೇಳಿದ್ದು ಇದೇ ಮೊದಲು. ಗೋದಲಿಗೆ (ಬಾಲಯೇಸು ಹುಟ್ಟಿದ ಕೊಟ್ಟಿಗೆಯ ಅಲಂಕಾರ) ಹಸಿರು ಬೇಕು ಅಂತ ತೆಂಗಿನ ಗೆರಟೆಯಲ್ಲಿ ರಾಗಿ ಬಿತ್ತಿಸಿದ್ದಾರೆ. ಅದಕ್ಕೆ ದಿನಾ ಎರಡು ಸಲ ನೀರು. ಅದೂ ನನ್ನ ಡ್ಯೂಟಿಯೇ.

---

ಕಾರ್ಕಳದ ಮಾವ | ಡಿಸೆಂಬರ್ 19

ಶೆಟ್ರ ಮನೆ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನೇ ಹೇಳುತ್ತೇನೆ. ನಾವೂ ಬಂಟರೇ. ಅಕ್ಟೋಬರಲ್ಲಿ ತೀರಿಕೊಂಡರು ಅಂದರೆ ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿದಿರುತ್ತದೆ, ಸೂತಕ ಕಳೆದಿರುತ್ತದೆ. ಆ ವರ್ಷ ನಾವು ಮನೆಯಲ್ಲಿ ಹಬ್ಬ ಮಾಡುವುದಿಲ್ಲ ನಿಜ. ಆದರೆ ನೆರೆಮನೆಯಿಂದ ಬಂದದ್ದನ್ನು ಬೇಡ ಅನ್ನುವುದಿಲ್ಲ. ನಾವು ಮಾಡದ ವರ್ಷ ಮಕ್ಕಳ ಬಾಯಿಗೆ ಸಿಹಿ ಬೀಳುವುದೇ ನಿಮ್ಮಂಥವರ ಮನೆಯಿಂದ.

ಒಂದೇ ಮಾತು. ಬೇರೆಯವರ ಕೈಯಲ್ಲಿ ಕಳಿಸಬೇಡಿ, ಗೇಟಲ್ಲೇ ಕೊಟ್ಟು ಓಡಬೇಡಿ. ನೀವೇ ಹೋಗಿ. ಜಗಲಿಯಲ್ಲಿ ಕೂತು, ಅಜ್ಜಿಯ ಬಗ್ಗೆ ನಾಲ್ಕು ಮಾತಾಡಿ, ಚಾ ಕೊಟ್ಟರೆ ಕುಡಿದು ಬನ್ನಿ. ನಮ್ಮ ತಂದೆ ಹೋದ ವರ್ಷ ಪಕ್ಕದ ಮನೆ ಬಾಯಮ್ಮ (ಕ್ರೈಸ್ತ ಹೆಂಗಸರನ್ನು ನಾವು ಹಾಗೆ ಕರೆಯುವುದು) ತಟ್ಟೆ ತಂದು, ಒಂದು ಗಂಟೆ ನಮ್ಮ ಅಮ್ಮನ ಹತ್ತಿರ ಕೂತಿದ್ದರು. ತಟ್ಟೆಯಲ್ಲಿ ಏನಿತ್ತು ಅಂತ ನನಗೆ ನೆನಪಿಲ್ಲ.

---

ಬಜಪೆ ಆಂಟಿ | ಡಿಸೆಂಬರ್ 19

ಕಾರ್ಕಳದವರು ಹೇಳಿದ್ದು ಸರಿ. ಗೋವಾದಲ್ಲಿ ಈ ತಟ್ಟೆಗೆ ಕೊನ್ಸುವಾದ ಅನ್ನುತ್ತಾರೆ, ಪೋರ್ಚುಗೀಸರ ಮಾತು. ನಮ್ಮ ಹಿರಿಯರು ಗೋವಾದಿಂದ ಬಂದವರು ತಾನೆ, ಕುಸ್ವಾರ್ ಅನ್ನುವುದೂ ಅದರಿಂದಲೇ ಅಂತ ನನ್ನ ಅಜ್ಜಿ ಹೇಳುತ್ತಿದ್ದರು. ಏನಾಯಿತು ಅಂತ ಬರಿ ಮಗಾ.

---

ಕಿನ್ನಿಗೋಳಿಯವ | ಡಿಸೆಂಬರ್ 24

ಬೇಗ ಬೇಗ ಬರೆಯುತ್ತಿದ್ದೇನೆ. ನಮ್ಮ ಇಗರ್ಜಿಯಲ್ಲಿ ಪೂಜೆ ಈಗ ನಡುರಾತ್ರಿಗೆ ಇಲ್ಲ, ಸಂಜೆ 7:30ಕ್ಕೇ. ಹೆಂಡತಿ ಬಂದಿದ್ದಾಳೆ, ಅಮ್ಮನಿಗೆ ಸೀರೆ ಉಡಿಸುತ್ತಿದ್ದಾಳೆ.

ಗುಳಿಯೊ ಆಯಿತು. ಎರಡು ಸಲ ಜರಡಿ, ಸೂಜಿ, ಸಣ್ಣ ಉರಿ. ಮೂರು ಗಂಟೆ ಹಿಡಿಯಿತು, ಒಂದೇ ಒಂದು ಸಿಡಿಯಿತು. ಸ್ಟೀಲ್ ತಟ್ಟೆಗೆ ಬಿಟ್ಟೆ, ಟಣ್ ಅಂದಿತು. ಅಮ್ಮ ಎಡಗೈಯಲ್ಲಿ ಒಂದು ಬಾಯಿಗೆ ಹಾಕಿಕೊಂಡು "ಉಪ್ಪು ಕಮ್ಮಿ" ಅಂದರು.

ಬ್ಯಾರಿ ಮನೆಗೆ ಕಿತ್ತಳೆ ಕೇಕ್ ಹೋಯಿತು. ಭಟ್ರ ಮನೆಯಲ್ಲಿ ನಾನೇ ಕೊಡುತ್ತಿದ್ದೇನೆ ಅಂತ ನೋಡಿ ಆ ಮನೆಯ ಅಮ್ಮನವರು ತಟ್ಟೆಯನ್ನು ಎರಡು ಸಲ ನೋಡಿದರು. "ಬಾಯಮ್ಮ ಹೇಳಿಯೇ ಕಳಿಸಿದ್ದಾರಲ್ಲ?" ಅಂತ ಕೇಳಿದರು. ಹೌದು ಅಂದ ಮೇಲೆ ಅಲ್ಲೇ ಒಂದು ನೆವ್ರಿ ಮುರಿದರು. ತಟ್ಟೆ ಖಾಲಿ ಬರಲಿಲ್ಲ, ಒಂದು ಚಿಪ್ಪು ಕದಳಿ ಬಾಳೆಹಣ್ಣು ಬಂತು. ಶೆಟ್ರ ಮನೆಗೆ ಕೊನೆಗೆ ಹೋದೆ. ಐದು ನಿಮಿಷ ಅಂತ ಹೋದವನು ಎರಡು ಲೋಟ ಚಾ ಕುಡಿದು ಬಂದೆ. ಅಜ್ಜಿ ನಮ್ಮ ಗುಳಿಯೊವನ್ನು ಎಲೆ ಅಡಿಕೆಯ ಕುಟ್ಟಾಣಿಯಲ್ಲಿ ಕುಟ್ಟಿ ತಿನ್ನುತ್ತಿದ್ದರಂತೆ. ಹಲ್ಲಿರಲಿಲ್ಲವಲ್ಲ. ಅವರ ಮಗಳು ಆ ಕುಟ್ಟಾಣಿ ತಂದು ತೋರಿಸಿದರು.

ಯಾವ ಮನೆಗೆ ಏನು, ಯಾರಿಗೆ ಏನು ಬೇಡ, ಎಲ್ಲ ಈಗ ನನ್ನ ಫೋನಲ್ಲಿ ಬರೆದಿಟ್ಟಿದ್ದೇನೆ. ಕೆಂಪು ನೂಲು ಸಹ.

ಇನ್ನೊಂದು ಪ್ರಶ್ನೆ ಉಳಿದಿದೆ. ಬಿಳಿ ಸೀಲಿಂಗ್ ಮೇಲಿನ ಎಣ್ಣೆ ಕಲೆ ತೆಗೆಯುವುದು ಹೇಗೆ? ಮೂರು ಕಲೆ ಇವೆ, ನಾಳೆ ಮಧ್ಯಾಹ್ನ ಮಾವನ ಮನೆಯವರು ಊಟಕ್ಕೆ ಬರುತ್ತಾರೆ.